ಹೆಪ್ಪುಗಟ್ಟಿದ ಕೆರೆಯಲ್ಲಿ ಟ್ರೌಟ್ ಗಾಳ

ಕೇಳುಗರಿಗೆಲ್ಲ ನಮಸ್ಕಾರ.

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಓದಿಗೋ ಕೆಲಸಕ್ಕೋ ಕೆನಡಾ, ನಾರ್ವೆಯಂಥ ದೇಶಗಳಿಗೆ ಹೋದ ಮಕ್ಕಳು ಈಗ ಎಷ್ಟೋ ಮನೆಗಳಲ್ಲಿದ್ದಾರೆ. ಕಾಳಿಯ ಅಳಿವೆಯಲ್ಲಿ, ಗಂಗಾವಳಿಯ ದಡದಲ್ಲಿ ಗಾಳ ಹಾಕುತ್ತ ಬೆಳೆದವರಿಗೆ ಅಲ್ಲಿಯ ಮೊದಲ ಚಳಿಗಾಲ ಬೇಸರ ತರುತ್ತದೆ. ಕೆರೆಗಳೆಲ್ಲ ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತವೆ. ಅಲ್ಲಿಯವರು ಮಾತ್ರ ಆ ಹೆಪ್ಪಿನ ಮೇಲೇ ನಡೆದು ಹೋಗಿ, ತೂತು ಕೊರೆದು, ಅದರೊಳಗೆ ಗಾಳ ಇಳಿಸಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುತ್ತಾರೆ. ದಾರವನ್ನು ಬೆರಳಿಗೆ ಸುತ್ತಿಕೊಂಡು ನೋಗ್ಲಿ ಮೀನು ಎರೆ ಕುಟುಕುವುದನ್ನು ತಿಳಿಯಬಲ್ಲವರಿಗೆ ಈ ವಿದ್ಯೆ ಅರ್ಧ ಬಂದಂತೆಯೇ. ಉಳಿದರ್ಧ ಐಸ್. ಅದನ್ನು ಮಾತ್ರ ಅ ಆ ಇ ಈ ಎಂದು ಮೊದಲಿನಿಂದ ಕಲಿಯಬೇಕು. ಆದ್ದರಿಂದ ಮೀನಿನ ಮಾತು ಆಮೇಲೆ. ಮೊದಲು ಕಾಲ ಕೆಳಗಿನ ಮಾತು.

ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲಕ್ಕಿಂತ ಭಾರ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ನಿಲ್ಲುತ್ತದೆ, ಹೆಪ್ಪುಗಟ್ಟುವುದೂ ಮೇಲಿನಿಂದಲೇ. ಹೀಗಾಗಿ ಐಸಿನ ಅಡಿಗೆ ತಾಗಿದ ನೀರು ಸೊನ್ನೆ ಡಿಗ್ರಿಯ ಹತ್ತಿರ ಇದ್ದರೆ ತಳದ ನೀರು 4 ಡಿಗ್ರಿಯ ಹತ್ತಿರ ಇರುತ್ತದೆ. ಮೀನು ಬದುಕಿ ಉಳಿಯುವುದು ಇದರಿಂದ.

ಒಬ್ಬ ಮನುಷ್ಯ ನಡೆಯಲು ತಿಳಿಯಾದ, ಗಟ್ಟಿಯಾದ ಐಸ್ ಕಡಿಮೆಯೆಂದರೂ 10 ಸೆಂಟಿಮೀಟರ್ ದಪ್ಪ ಇರಬೇಕು. ಹೊಸಬರು 15 ಸೆಂಟಿಮೀಟರ್ ಆಗುವವರೆಗೆ ಕಾಯುವುದೇ ಸರಿ. ತಿಳಿಯಾದ್ದು ಎಂದು ಒತ್ತಿ ಹೇಳಲು ಕಾರಣವಿದೆ. ನೀಲಿ ಛಾಯೆಯ, ಆರಪಾರ ಕಾಣುವ ಐಸ್ ಗಟ್ಟಿ. ಹಿಮ ಬಿದ್ದು, ಒದ್ದೆಯಾಗಿ, ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸಿನೊಳಗೆ ಗಾಳಿಯ ಗುಳ್ಳೆಗಳಿರುತ್ತವೆ. ಅದರ ಬಲ ಅರ್ಧ ಎಂದೇ ಲೆಕ್ಕ ಹಿಡಿದು ದಪ್ಪ ಎರಡರಷ್ಟು ಬೇಕೆನ್ನಬೇಕು. ಬೂದು ಬಣ್ಣದ್ದು ಕಂಡರೆ ಅದರೊಳಗೆ ನೀರು ಸೇರಿದೆ ಎಂದರ್ಥ, ಕಾಲಿಡಬಾರದು. ಮಾರ್ಚ್ ಹೊತ್ತಿಗೆ ಬಿಸಿಲಿಗೆ ಐಸ್ ಒಳಗೊಳಗೇ ಉದ್ದುದ್ದ ಕಡ್ಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಆಗ 30 ಸೆಂಟಿಮೀಟರ್ ದಪ್ಪವಿದ್ದರೂ ನಂಬಿಕೆಗೆ ಅರ್ಹವಲ್ಲ.

ನಮ್ಮ ಕರಾವಳಿಯವರು ಇಲ್ಲೊಂದು ಮಾತನ್ನು ಗಮನವಿಟ್ಟು ಕೇಳಬೇಕು. ನೀರು ಎಲ್ಲಿ ಹರಿಯುತ್ತದೋ ಅಲ್ಲಿ ಮೀನು ಎಂಬುದು ಅಳಿವೆಯ ಪಾಠ. ಭರತ ಇಳಿತದ ಸೆಳೆತ ನೋಡಿ, ಹಳ್ಳ ಬಂದು ಸೇರುವ ಬಾಯಿ ನೋಡಿ ಗಾಳ ಎಸೆಯುವುದು ನಮಗೆ ರೂಢಿ. ಹೆಪ್ಪುಗಟ್ಟಿದ ಕೆರೆಯಲ್ಲಿ ಅದೇ ರೂಢಿ ಪ್ರಾಣಕ್ಕೆ ಎರವಾಗುತ್ತದೆ. ಹೊಳೆ ಬಂದು ಸೇರುವ ಬಾಯಿ, ಕೆರೆಯಿಂದ ನೀರು ಹೊರಗೆ ಹೋಗುವ ಜಾಗ, ತಳದಲ್ಲಿ ಊಟೆ ಉಕ್ಕುವ ಜಾಗ, ಎರಡು ದ್ವೀಪಗಳ ನಡುವಿನ ಇಕ್ಕಟ್ಟು, ಸೇತುವೆಯ ಕೆಳಗೆ, ಕಟ್ಟೆಯ ಕಂಬದ ಸುತ್ತ, ಜೊಂಡು ಬೆಳೆದ ಅಂಚು: ಇಲ್ಲೆಲ್ಲ ಐಸ್ ತೆಳ್ಳಗಿರುತ್ತದೆ. ಇಪ್ಪತ್ತು ಹೆಜ್ಜೆ ಆಚೆ 20 ಸೆಂಟಿಮೀಟರ್ ಇದ್ದದ್ದು ಇಲ್ಲಿ 4 ಇರಬಹುದು. ಮೇಲೆ ಹಿಮ ಕಂಬಳಿಯ ಹಾಗೆ ಹೊದ್ದಿದ್ದರಂತೂ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಚಳಿಯನ್ನು ತಡೆದು ಅದು ಐಸ್ ಬೆಳೆಯಲೂ ಬಿಡುವುದಿಲ್ಲ. ಉಪ್ಪು ಬೆರೆತ ನೀರಿನ ಐಸ್ ಇನ್ನೂ ದುರ್ಬಲ. ಹೊಸಬರು ಸಮುದ್ರದ ಬಾಯಿಯ ಹತ್ತಿರ ಹೋಗಲೇಬಾರದು.

ಪರೀಕ್ಷೆಗೆ ಹಾರೆ ಬೇಕು. ಮುಂದೆ ಹಾರೆ, ಹಿಂದೆ ಕಾಲು. ಮುಂದಿನ ಹೆಜ್ಜೆ ಬೀಳುವ ಜಾಗಕ್ಕೆ ಎರಡು ಸಲ ಬಲವಾಗಿ ಕುಟ್ಟಬೇಕು. ಘಣ್ ಎಂದು ಗಟ್ಟಿ ಸದ್ದು ಬಂದರೆ ನಡೆಯಿರಿ. ಬೊದ್ದು ಸದ್ದು ಬಂದರೆ, ನೀರು ಜಿನುಗಿದರೆ, ಬಂದ ಹೆಜ್ಜೆಯಲ್ಲೇ ಕಾಲು ಜಾರಿಸುತ್ತ ಹಿಂದಿರುಗಿ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ತೂತು ಕೊರೆದು ದಪ್ಪ ಅಳೆಯಿರಿ. ರಾತ್ರಿ ಚಳಿ ಏರಿದಾಗ ಇಡೀ ಕೆರೆ ಗುಡುಗಿದ ಹಾಗೆ ಸದ್ದು ಮಾಡುವುದುಂಟು. ಐಸ್ ಹಿಗ್ಗಿ ಕುಗ್ಗುವಾಗ ಹಾಗಾಗುತ್ತದೆ, ಆ ಸದ್ದೊಂದರಿಂದಲೇ ಹೆದರಿ ಓಡಬೇಕಾಗಿಲ್ಲ.

ಮುರಿದು ಬಿದ್ದರೆ? ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಮ್ಮನ್ನೇ ತಣ್ಣೀರಿಗೆ ಒಡ್ಡಿಕೊಂಡು ಪ್ರಯೋಗ ಮಾಡಿದ ವಿಜ್ಞಾನಿ. ಅವರು ಹೇಳುವ ಸೂತ್ರ 1-10-1. ಮೊದಲ 1 ನಿಮಿಷ ಉಸಿರು ಕಿತ್ತುಕೊಂಡು ಬರುತ್ತದೆ. ಆಗ ತಲೆ ಮೇಲಿಟ್ಟು ಉಸಿರನ್ನು ಹತೋಟಿಗೆ ತಂದುಕೊಳ್ಳುವುದಷ್ಟೇ ಕೆಲಸ. ಮುಂದಿನ 10 ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ. ಮೇಲೆ ಬರುವುದು ಆಗಲೇ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು 1 ಗಂಟೆಯ ಹತ್ತಿರ ಬೇಕು. ನೀರಿಗೆ ಬಿದ್ದ ಕೂಡಲೇ ಸತ್ತೆನೆಂದು ಗಾಬರಿಯಾಗಿ ಬಡಿದಾಡುವವರೇ ಮೊದಲ ನಿಮಿಷದಲ್ಲಿ ನೀರು ಕುಡಿಯುತ್ತಾರೆ. ಬಂದ ದಿಕ್ಕಿಗೇ ತಿರುಗಬೇಕು, ಯಾಕೆಂದರೆ ಅಲ್ಲಿಯ ಐಸ್ ನಿಮ್ಮ ಭಾರ ಹೊತ್ತಿತ್ತು. ಮೊಳೆ ಕೂರಿಸಿದ ಎರಡು ಮರದ ಹಿಡಿಗಳನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುವುದು ಈ ಹೊತ್ತಿಗಾಗಿ. ಅವನ್ನು ಐಸಿಗೆ ಚುಚ್ಚಿ, ಈಜುವಾಗಿನಂತೆ ಕಾಲು ಬಡಿದು ಮೈಯನ್ನು ಅಡ್ಡವಾಗಿಸಿ, ಮೇಲೆ ಜಾರಿಕೊಳ್ಳಬೇಕು. ಮೇಲೆ ಬಂದ ಮೇಲೆ ಎದ್ದು ನಿಲ್ಲಬಾರದು. ಉರುಳುತ್ತಲೇ ದೂರ ಹೋಗಬೇಕು. ಈ ಹಿಡಿಗಳು ಚೀಲದೊಳಗಿದ್ದರೆ ಇಲ್ಲದ ಲೆಕ್ಕ. ಮೈಮೇಲೆ ಲೈಫ್ ಜಾಕೆಟ್, ಜೊತೆಗೊಬ್ಬರು, ಅವರ ಕೈಯಲ್ಲಿ 15 ಮೀಟರ್ ಹಗ್ಗ: ಈ ಮೂರೂ ಇಲ್ಲದೆ ಹೊರಡಬೇಡಿ.

ಉಡುಪಿನ ವಿಷಯದಲ್ಲಿ ಒಂದೇ ಮಾತು. ಹತ್ತಿ ಬೇಡ. ಹತ್ತಿ ಬನಿಯನ್, ಹತ್ತಿ ಕಾಲುಚೀಲ ಬೆವರು ಹೀರಿ ಒದ್ದೆಯಾಗೇ ಉಳಿದು ಮೈ ಕೊರೆಯುತ್ತವೆ. ಮೈಗೆ ತಾಗುವುದು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ದಪ್ಪನೆಯದು, ಹೊರಗೆ ಗಾಳಿ ತೂರದ ಜಾಕೆಟ್. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಐಸಿನ ಮೇಲೆ ಡೇರೆ ಹೂಡಿ ಅದರೊಳಗೆ ಗ್ಯಾಸ್ ಹೀಟರ್ ಇಡುವವರು ಮೇಲೊಂದು ಕೆಳಗೊಂದು ಗಾಳಿಕಿಂಡಿ ಸದಾ ತೆರೆದಿಡಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸಿಡಿಯತೊಡಗಿದರೆ ತಕ್ಷಣ ಹೊರಗೆ ಬನ್ನಿ.

ಇನ್ನು ಮೀನು. ಹೊಸಬರು ದೊಡ್ಡ ಸರೋವರ ಬಿಟ್ಟು, ಸರ್ಕಾರ ಮರಿ ಬಿಟ್ಟು ಬೆಳೆಸುವ ಸಣ್ಣ ಕೆರೆ ಹುಡುಕುವುದು ಲೇಸು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಾದರೆ ಫಿಶ್ ಆನ್‌ಲೈನ್ ಎಂಬ ಸರ್ಕಾರಿ ನಕ್ಷೆಯಲ್ಲಿ ಯಾವ ಕೆರೆಗೆ ಯಾವ ಮೀನು ಬಿಟ್ಟಿದ್ದಾರೆಂದು ಸಿಗುತ್ತದೆ. ಅಂಥ ಕೆರೆಗಳಲ್ಲಿ ಹೆಚ್ಚಾಗಿ ಇರುವುದು ರೇನ್‌ಬೋ ಟ್ರೌಟ್, ಬ್ರೂಕ್ ಟ್ರೌಟ್. ಇವು ತಳದಲ್ಲಿ ಬಿದ್ದಿರುವ ಮೀನಲ್ಲ. ದಡದ ಉದ್ದಕ್ಕೂ ಸುತ್ತು ಹೊಡೆಯುತ್ತ ಇರುತ್ತವೆ, ಅದೂ 1ರಿಂದ 3 ಮೀಟರ್ ಆಳದ ನೀರಿನಲ್ಲಿ. ಬಹಳ ಸಲ ಐಸಿನ ಅಡಿಗೆ ಅರ್ಧ ಮೀಟರ್ ಕೆಳಗೇ ಹಾದು ಹೋಗುತ್ತವೆ. ಹೊಸಬರು ಕೆರೆಯ ನಟ್ಟನಡುವೆ ಹೋಗಿ 10 ಮೀಟರ್ ಆಳಕ್ಕೆ ಗಾಳ ಬಿಟ್ಟು ದಿನವಿಡೀ ಕೂತು ಬರಿಗೈಯಲ್ಲಿ ಬರುವುದು ಇದಕ್ಕೇ. ಲೇಕ್ ಟ್ರೌಟ್ ಎಂಬ ದೊಡ್ಡದು ಮಾತ್ರ ಆಳದ್ದು, ಅದು ಎರಡನೆಯ ವರ್ಷದ ಮಾತು. ಚಳಿಗಾಲ ಮುಗಿಯುತ್ತ ಬಂದ ಹಾಗೆ ತಳದಲ್ಲಿ ಕೊಳೆತ ಜೊಂಡು ನೀರಿನ ಆಮ್ಲಜನಕ ತಿಂದುಬಿಡುತ್ತದೆ. ಆಗ ಟ್ರೌಟ್ ಇನ್ನೂ ಮೇಲಕ್ಕೆ ಬರುತ್ತದೆ.

ತೂತು ಕೊರೆಯಲು ಆಗರ್ ಎಂಬ ದೊಡ್ಡ ಬೈರಿಗೆ ಇದೆ. ಕೈಯಿಂದ ತಿರುಗಿಸುವ 15 ಸೆಂಟಿಮೀಟರ್ ಅಗಲದ್ದು ಈ ಮೀನಿಗೆ ಸಾಕು. ಭಾರ ಹಾಕಿ ಒತ್ತಬೇಡಿ, ಬ್ಲೇಡು ತಾನೇ ಕೊರೆಯಲಿ. ಕೊರೆಯದೆ ಸುಮ್ಮನೆ ತಿರುಗಿದರೆ ಒಂದೋ ಬ್ಲೇಡು ಮೊಂಡಾಗಿದೆ, ಇಲ್ಲವೇ ಅದರ ಮೇಲೆ ತೆಳ್ಳಗೆ ಐಸ್ ಕಟ್ಟಿದೆ. ಅದನ್ನು ನೆಲಕ್ಕೆ ಕುಟ್ಟಿ ಉದುರಿಸಿದರೆ ಅಲಗು ಹಲ್ಲು ಬೀಳುತ್ತದೆ. ತೂತಿನ ನೀರಿನಲ್ಲಿ ಅದ್ದಿ ತೆಗೆಯಬೇಕು. ಆಳವಿಲ್ಲದ ನೀರಿನಲ್ಲಿ ಕೊರೆಯುವ ಸದ್ದಿಗೆ ಮೀನು ಚದುರುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಬೇಕಾದ ತೂತುಗಳನ್ನೆಲ್ಲ, ಆರೇಳನ್ನು, ದಡದಿಂದ ಒಳಗೆ ಸಾಲಾಗಿ ಕೊರೆದು ಮುಗಿಸಿ. ಬಜ್ಜಿ ಎತ್ತುವ ಜಾಲರಿ ಸೌಟಿನಿಂದ ಐಸಿನ ಪುಡಿ ತೆಗೆಯಿರಿ. ತೂತಿನ ಸುತ್ತಲಿನ ಹಿಮವನ್ನು ಬಳಿದು ಹಾಕಬೇಡಿ. ಅದು ಮೇಲಿನ ಬೆಳಕನ್ನೂ ನಿಮ್ಮ ನೆರಳನ್ನೂ ಮರೆಸುತ್ತದೆ. ಆಮೇಲೆ ಓಡಾಟ, ಬಕೆಟ್ ಎಳೆದಾಟ ಬೇಡ. ಸೂರ್ಯ ಹುಟ್ಟಿದ ಮೊದಲ ಎರಡು ತಾಸು ಟ್ರೌಟಿಗೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು.

ಕೋಲು ಗಿಡ್ಡದು, 60ರಿಂದ 75 ಸೆಂಟಿಮೀಟರ್. ತೂತಿನ ಪಕ್ಕದಲ್ಲೇ ಕೂರುವುದರಿಂದ ಉದ್ದನೆಯದಕ್ಕೆ ಕೆಲಸವಿಲ್ಲ. ಅದರ ತುದಿ ಮೆತ್ತಗಿರಲಿ. ಸಣ್ಣ ರೀಲು, ಸುಮಾರು 2 ಕಿಲೋ ತಡೆಯುವ ನೈಲಾನ್ ದಾರ. ಅಳಿವೆಯ ಕಲಕು ನೀರಿಗೆ ಹಾಕುವ ದಪ್ಪ ದಾರವನ್ನು ಅಲ್ಲಿಯ ತಿಳಿನೀರಿನಲ್ಲಿ ಟ್ರೌಟ್ ದೂರದಿಂದಲೇ ಕಂಡು ತಿರುಗಿ ಹೋಗುತ್ತದೆ. ಚಳಿಗೆ ನೈಲಾನ್ ದಾರ ಸುರುಳಿ ಸುರುಳಿಯಾಗಿ ನಿಲ್ಲುವುದರಿಂದ ಗಾಳ ಗಿರಗಿರ ತಿರುಗುತ್ತದೆ, ಮೀನು ಅದನ್ನು ಮುಟ್ಟುವುದಿಲ್ಲ. ಒಂದೆರಡು ಮೀಟರ್ ಬಿಚ್ಚಿ ಕೈಯಲ್ಲಿ ಹಿಡಿದು ನಿಧಾನ ಎಳೆದರೆ ಸುರುಳಿ ಬಿಡುತ್ತದೆ. ಗಾಳಕ್ಕೆ 2ರಿಂದ 4 ಗ್ರಾಮಿನ ಸಣ್ಣ ಹೊಳೆಯುವ ಸ್ಪೂನ್ (ಮುಳ್ಳು ಕಟ್ಟಿದ, ಚಮಚದ ಆಕಾರದ ಲೋಹದ ತುಣುಕು), ಇಲ್ಲವೇ ಸೀಸದ ಬದಲು ಟಂಗ್‌ಸ್ಟನ್ ತಲೆಯ ಪುಟ್ಟ ಜಿಗ್, ಅಂದರೆ ತಲೆಗೆ ಭಾರ ಕೂರಿಸಿದ ಮುಳ್ಳು. ಟಂಗ್‌ಸ್ಟನ್ ಸೀಸಕ್ಕಿಂತ ಭಾರವಾದ್ದರಿಂದ ಚಿಕ್ಕದಾಗಿದ್ದೂ ಬೇಗ ಇಳಿಯುತ್ತದೆ. ಮುಳ್ಳಿನ ತುದಿಗೆ ಒಂದು ಹುಳ ಸಾಕು. ನಮ್ಮವರ ಶೆಟ್ಲಿ, ಅಂದರೆ ಸಿಗಡಿ, ಇದೆಯಲ್ಲ, ಅದರ ಉಗುರಿನಷ್ಟು ಚೂರನ್ನೂ ಸಾಕಿ ಬಿಟ್ಟ ರೇನ್‌ಬೋ ಟ್ರೌಟ್ ಚೆನ್ನಾಗಿ ತಿನ್ನುತ್ತದೆ.

ಆಡಿಸುವ ಕ್ರಮ ಹೀಗೆ. ಗಾಳವನ್ನು ತಳಕ್ಕೆ ಬಿಟ್ಟು 30 ಸೆಂಟಿಮೀಟರ್ ಮೇಲೆತ್ತಿ. ಅಲ್ಲಿಂದ ಕೋಲಿನ ತುದಿಯನ್ನು ಒಂದು ಗೇಣು ಎತ್ತಿ, ದಾರ ಸಡಿಲವಾಗದ ಹಾಗೆ ಇಳಿಸಿ, ಹತ್ತು ಎಣಿಸುವವರೆಗೆ ಅಲ್ಲಾಡಿಸಬೇಡಿ. ಎತ್ತಿದಾಗಿನ ಮಿಂಚು ನೋಡಿ ಮೀನು ಹತ್ತಿರ ಬರುತ್ತದೆ, ಕಚ್ಚುವುದು ನಿಂತಾಗ. ಎಡೆಬಿಡದೆ ಕುಣಿಸುವುದು ಹೊಸಬರ ದೊಡ್ಡ ತಪ್ಪು. ಐದಾರು ನಿಮಿಷಕ್ಕೆ ಅರ್ಧ ಮೀಟರ್ ಮೇಲೆ ತನ್ನಿ. ಹೀಗೆ ಐಸಿನ ಅಡಿಯವರೆಗೂ ಹುಡುಕಿ. ಇಪ್ಪತ್ತು ನಿಮಿಷದಲ್ಲಿ ಏನೂ ಇಲ್ಲದಿದ್ದರೆ ಮುಂದಿನ ತೂತಿಗೆ ಹೋಗಿ. ಕಚ್ಚಿದ್ದು ಟಕ್ ಎಂದು ತಿಳಿಯಬಹುದು, ಇಲ್ಲವೇ ಬಿಗಿಯಿದ್ದ ದಾರ ಸುಮ್ಮನೆ ಸಡಿಲವಾಗಬಹುದು. ಮೀನು ಎರೆ ಕಚ್ಚಿಕೊಂಡು ಮೇಲೆ ಬಂದಾಗ ಹಾಗಾಗುತ್ತದೆ. ಆಗ ಕೈಗಾಳದ ಹಾಗೆ ಜಗ್ಗಬೇಡಿ. ಟ್ರೌಟಿನ ಬಾಯಿ ಮೆದು, ಹರಿದುಹೋಗುತ್ತದೆ. ಕೋಲನ್ನು ಮೇಲೆತ್ತಿ ಹಿಡಿದರೆ ಮುಳ್ಳು ತಾನೇ ಕೂರುತ್ತದೆ.

ಹೆಚ್ಚಿನ ಮೀನು ತಪ್ಪಿಸಿಕೊಳ್ಳುವುದು ತೂತಿನ ಬಾಯಲ್ಲಿ. ಬೆಳಕು ಕಂಡ ಕೂಡಲೇ ಟ್ರೌಟ್ ಮತ್ತೆ ಕೆಳಗೆ ನುಗ್ಗುತ್ತದೆ. ರೀಲಿನ ಡ್ರ್ಯಾಗ್, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಬ್ರೇಕು, ಬಿಗಿಯಾಗಿದ್ದರೆ ದಾರ ತುಂಡು. ಕೈಯಿಂದ ಎಳೆದರೆ ಸ್ವಲ್ಪ ಜಗ್ಗಿಸಿಕೊಂಡು ದಾರ ಬಿಟ್ಟುಕೊಡುವಷ್ಟು ಅದು ಸಡಿಲ ಇರಲಿ. ಚಳಿಗೆ ಗ್ರೀಸ್ ಗಟ್ಟಿಯಾಗುವುದರಿಂದ ತಾಸಿಗೊಮ್ಮೆ ಮತ್ತೆ ನೋಡಿ. ಓಡುವಾಗ ದಾರ ಐಸಿನ ಅಂಚಿಗೆ ಉಜ್ಜಿದರೂ ಕಡಿಯುತ್ತದೆ, ಆದ್ದರಿಂದ ಕೋಲಿನ ತುದಿಯನ್ನು ತೂತಿನ ನಡುವಿಗೆ, ಬೇಕಾದರೆ ನೀರೊಳಗೇ ಇಳಿಸಿ ಹಿಡಿಯಿರಿ. ತಲೆ ಮೇಲಾಗಿ ತೂತಿಗೆ ಬಂದಾಗ ಮಾತ್ರ ಒಂದೇ ಓಘದಲ್ಲಿ ಎತ್ತಿ. ಬಿಡುವ ಮೀನಾದರೆ ನೀರಿನಿಂದ ಎತ್ತದೆ ಮುಳ್ಳು ತೆಗೆಯಿರಿ. ಮೈನಸ್ 10 ಡಿಗ್ರಿ ಗಾಳಿಯಲ್ಲಿ ಅದರ ಕಿವಿರು, ಕಣ್ಣು ಕ್ಷಣದಲ್ಲಿ ಹೆಪ್ಪುಗಟ್ಟತೊಡಗುತ್ತವೆ. ದಾರ ಹಾಯುವ ಕೋಲಿನ ಬಳೆಗಳಲ್ಲಿ ಐಸ್ ಕಟ್ಟಿದರೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿಸಿ, ಬಡಿಯಬೇಡಿ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವುದನ್ನು ನಿಲ್ಲಿಸುವ ಹಾಗೆ ಅಲ್ಲೂ ಕೆರೆಗೊಂದು, ಮೀನಿಗೊಂದು ಅವಧಿ ಇದೆ. ಲೈಸೆನ್ಸ್ ಇಲ್ಲದೆ ದಾರ ಇಳಿಸಬಾರದು. ಒಂಟಾರಿಯೊದ ಬಹುತೇಕ ಕೆರೆಗಳಲ್ಲಿ ಐಸಿನ ಮೇಲೆ ಒಬ್ಬರಿಗೆ ಎರಡು ಗಾಳ. ಕೆನಡಾದ್ದೇ ಇನ್ನೊಂದು ಪ್ರಾಂತ್ಯ ಆಲ್ಬರ್ಟಾದಲ್ಲಿ ಜೀವಂತ ಮೀನನ್ನು ಎರೆ ಮಾಡುವುದು ನಿಷಿದ್ಧ, ನಾರ್ವೆಯಲ್ಲೂ ಹಾಗೆಯೇ. ಒಂದು ಕೆರೆಯ ಮೀನು, ಅದರ ರೋಗ ಇನ್ನೊಂದು ಕೆರೆಗೆ ಹೋಗಿ ಊರಬಾರದೆಂಬ ಕಾಳಜಿ ಇದರ ಹಿಂದಿದೆ. ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದನ್ನು ಆ ವರ್ಷದ ನಿಯಮಪುಸ್ತಕದಲ್ಲೇ ನೋಡಿ. ಜೊತೆಯವರ ಬಾಯಿಮಾತು ಸಾಲದು.

ಇಟ್ಟುಕೊಂಡ ಮೀನನ್ನು ಐಸಿನ ಮೇಲೆ ಹಾಗೇ ಬಿಟ್ಟರೆ ಕರುಳಿನ ಸಮೇತ ಹೆಪ್ಪುಗಟ್ಟಿ ಮಾಂಸ ಕಹಿಯಾಗುತ್ತದೆ. ಅಲ್ಲಿಯ ನಿಯಮ ಒಪ್ಪುವುದಾದರೆ ಅಲ್ಲೇ ಹೊಟ್ಟೆ ಸೀಳಿ, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳ ಉಗುರಿನಿಂದ ಪೂರ್ತಿ ಕೆರೆದು ತೆಗೆಯಿರಿ. ಟ್ರೌಟಿನ ಚಿಪ್ಪು ತೀರ ಸಣ್ಣದು, ಕೆರೆಯುವ ಕೆಲಸವಿಲ್ಲ. ರುಚಿ ಬಂಗಡೆಯಂತೆ ಜೋರಲ್ಲ, ಆದ್ದರಿಂದ ತಿರ್ಫಳ ಹಾಕಿದ ಸಾರಿನಲ್ಲಿ ಮೀನೇ ಕಾಣೆಯಾಗುತ್ತದೆ. ಉಪ್ಪು, ಮುರುಗಲ ಹುಳಿ, ಸ್ವಲ್ಪ ಮೆಣಸಿನಪುಡಿ ಸವರಿ ಕಾಲು ತಾಸು ಬಿಟ್ಟು, ರವೆಯಲ್ಲಿ ಹೊರಳಿಸಿ, ಚರ್ಮದ ಬದಿ ಮೊದಲು ಕೆಳಗಾಗಿ ಕಾವಲಿಗೆ ಹಾಕಿ. ಮೀನು ತೆಳ್ಳಗಿರುವುದರಿಂದ ಬದಿಗೆ ಮೂರು ನಾಲ್ಕು ನಿಮಿಷ ಸಾಕು.

ನಮಸ್ಕಾರ.