ಒಣಗಿದ ಬ್ರೆಡ್ಡಿನ ಹೂರಣ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಿಂದ ಮಾತನಾಡುತ್ತಿದ್ದೇನೆ. ಇಲ್ಲಿ ಈಗ ಮರಗಳೆಲ್ಲ ಬೋಳಾಗಿವೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂಗಡಿಯಲ್ಲಿ ಸೆಲರಿ ದಂಟುಗಳನ್ನು ಸೌದೆ ಒಟ್ಟಿದ ಹಾಗೆ ಒಟ್ಟಿದ್ದಾರೆ. ಪಕ್ಕದಲ್ಲಿ ಈರುಳ್ಳಿಯ ರಾಶಿ, ಅದರ ಪಕ್ಕದಲ್ಲಿ ಬ್ರೆಡ್ಡು. ಈ ಮೂರನ್ನೂ ಒಟ್ಟಿಗೆ ಚೀಲಕ್ಕೆ ಹಾಕಿಕೊಳ್ಳುತ್ತಿರುವವರು ಮನೆಗೆ ಹೋಗಿ ಏನು ಮಾಡುತ್ತಾರೆ ಎಂದು ಯಾರೂ ಕೇಳಬೇಕಾಗಿಲ್ಲ. ಅವರು ಮಾಡುವುದು ಸ್ಟಫಿಂಗ್.

ಈ ಮಾತಿಗೆ ಕನ್ನಡ ಹುಡುಕುವ ಕಷ್ಟ ನಮಗಿಲ್ಲ. ಹೋಳಿಗೆಯ ಕಣಕದೊಳಗೆ ಇಡುವುದು ಹೂರಣ, ಕಡುಬಿನೊಳಗೆ ತುಂಬುವುದು ಹೂರಣ. ಸ್ಟಫಿಂಗ್ ಕೂಡ ಹೂರಣವೇ. ಇಡೀ ಟರ್ಕಿ ಕೋಳಿಯನ್ನು ಸುಡುವಾಗ ಅದರ ಹೊಟ್ಟೆಯೊಳಗೆ ತುಂಬುತ್ತಿದ್ದ ಬ್ರೆಡ್ಡಿನ ಹೂರಣ ಅದು. ಹೋಳಿಗೆಯ ದಿನ ಮಕ್ಕಳು ಹೂರಣದ ಉಂಡೆಗಾಗಿ ಒಲೆಯ ಬಳಿ ಸುಳಿದಾಡುವುದಿಲ್ಲವೇ? ಇಲ್ಲಿಯ ಜನಕ್ಕೂ ಹಾಗೆಯೇ ಒಳಗಿನದರ ಮೇಲೆಯೇ ಆಸೆ ಹೆಚ್ಚು. ಹಾಗಾಗಿ ಅದು ಕೋಳಿಯ ಹೊಟ್ಟೆಯಿಂದ ಹೊರಗೆ ಬಂದು ತನ್ನದೇ ತಟ್ಟೆಯಲ್ಲಿ ಬೇಯತೊಡಗಿತು. ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಡ್ರೆಸ್ಸಿಂಗ್ ಎಂದು ಹೆಸರು, ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡಿನಿಂದ ಮಾಡುತ್ತಾರೆ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರು ಆಲೂಗೆಡ್ಡೆ ಸೇರಿಸುತ್ತಾರೆ. ನಮ್ಮ ಈ ಕಡಲತೀರದಲ್ಲಿ ಸಿಂಪಿ ಹಾಕುವ ಮನೆಗಳೂ ಉಂಟು.

ನಾನು ಇದನ್ನು ಮೊದಲು ತಿಂದದ್ದು ಈ ದೇಶಕ್ಕೆ ಬಂದ ವರ್ಷ. ಎದುರುಮನೆಯ ಹಿರಿಯ ಮಹಿಳೆಯೊಬ್ಬರು ನಮ್ಮಿಬ್ಬರನ್ನೂ ಹಬ್ಬದ ಊಟಕ್ಕೆ ಕರೆದರು. ನಾವು ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದೆವು. ಟರ್ಕಿ ಕೋಳಿಯೇ ಯಜಮಾನನಂತೆ ಮಧ್ಯದಲ್ಲಿ ಕೂರುವ ಊಟದಲ್ಲಿ ನಮಗೆ ಬೇಯಿಸಿದ ಆಲೂಗೆಡ್ಡೆಯೂ ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜೂ ಸಿಕ್ಕರೆ ಸಾಕೆಂದು ಹೋದೆವು. ಮೇಜಿನ ಮೇಲೆ ಎರಡು ಸ್ಟಫಿಂಗ್ ಇದ್ದವು. ಒಂದು ದೊಡ್ಡದು, ಒಂದು ಚಿಕ್ಕ ಗಾಜಿನ ಬಟ್ಟಲಿನಲ್ಲಿ. ಚಿಕ್ಕದಕ್ಕೆ ಒಂದು ಚೀಟಿ ಅಂಟಿಸಿ ನಮ್ಮ ಹೆಸರುಗಳನ್ನು ಬರೆದಿದ್ದರು. ಕೋಳಿ ಬೇಯಿಸಿದ ನೀರು ತಗಲದ ಹಾಗೆ, ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಿಂದ ಮಾಡಿದ್ದರಂತೆ. ಮಡಿಯ ಅಡುಗೆ ನೋಡಿಕೊಂಡು ಬೆಳೆದವಳು ನಾನು. ಬೇರೆ ಸೌಟು ಎಂದರೆ ಏನು ಎಂಬುದು ನನಗೆ ಗೊತ್ತು.

ಮೇಲೆ ಗರಿಗರಿ, ಒಳಗೆ ಮೆತ್ತಗೆ. ಬೆಣ್ಣೆಯಲ್ಲಿ ಬಾಡಿದ ಈರುಳ್ಳಿ, ಜೊತೆಗೆ ಹೆಸರು ಗೊತ್ತಿಲ್ಲದ ಒಂದು ಎಲೆಯ ಘಮ. ಆ ಮನೆಯ ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದೂ ಇದೇ ಘಮ. ಹಬ್ಬದ ವಾಸನೆ ಕೋಳಿಯದು ಎಂದುಕೊಂಡಿದ್ದೆ. ಅದರಲ್ಲಿ ಬಹುಪಾಲು ಈ ಎಲೆಯದು ಎಂದು ತಿಂದಾಗ ತಿಳಿಯಿತು. ಮಾಂಸ ತಿನ್ನುವವರೂ ತಿನ್ನದವರೂ ಒಂದೇ ಮೇಜಿನಲ್ಲಿ ಒಂದೇ ಹಬ್ಬವನ್ನು ಉಣ್ಣುವುದಕ್ಕೆ ಈ ಅಡುಗೆಗಿಂತ ಒಳ್ಳೆಯದು ಈ ದೇಶದಲ್ಲಿ ನನಗೆ ಇನ್ನೂ ಕಂಡಿಲ್ಲ. ಆ ದಿನದಿಂದ ಇದರ ಮೇಲೆ ನನಗೆ ಪ್ರೀತಿ.

ಆ ಎಲೆಯ ಹೆಸರು ಸೇಜ್. ಬೂದು ಬಣ್ಣದ, ಮುಟ್ಟಿದರೆ ಮಖಮಲ್ಲಿನಂತಿರುವ ಎಲೆ. ನಮ್ಮ ತುಳಸಿ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದ್ದು. ಇದರ ಜೊತೆಗೆ ಹಾಕುವ ಥೈಮ್ ಎಂಬ ಪುಟ್ಟ ಎಲೆಯೂ ಅದೇ ಕುಟುಂಬದ್ದು. ಥೈಮ್‌ನಲ್ಲಿ ಇರುವ ಥೈಮಾಲ್ ಎಂಬ ಸುಗಂಧದ ಅಂಶವೇ ನಮ್ಮ ಓಮದ ಕಾಳಿನಲ್ಲೂ ಇದೆ. ಹಾಗಾಗಿ ಮೊದಲ ಸಲ ತಿನ್ನುವಾಗ ಎಲ್ಲೋ ಪರಿಚಯದ ವಾಸನೆ ಎನಿಸಿದ್ದು ಭ್ರಮೆಯಾಗಿರಲಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡುವವರು ಥೈಮ್ ಸಿಗದಿದ್ದರೆ ಒಂದು ಚಿಟಿಕೆ ಓಮವನ್ನು ಅಂಗೈಯಲ್ಲಿ ಉಜ್ಜಿ ಹಾಕಿ. ಸೇಜ್‌ಗೆ ಮಾತ್ರ ನಾನು ಬದಲಿ ಹೇಳಲಾರೆ. ಒಣಗಿದ ಸೇಜ್ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ತನ್ನಿ.

ಇದು ಎಷ್ಟು ಹಳೆಯದು ಎನ್ನುವುದಕ್ಕೆ ಒಂದು ಗುರುತು ಹೇಳುತ್ತೇನೆ. ಅಮೆಲಿಯಾ ಸಿಮನ್ಸ್ ಎಂಬಾಕೆ 1796ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಒಂದು ಅಡುಗೆ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಟರ್ಕಿ ಕೋಳಿಗೆ ತುಂಬುವ ಹೂರಣದ ಲೆಕ್ಕವಿದೆ: ತುರಿದ ಗೋಧಿ ಬ್ರೆಡ್ಡು, ಕಾಲು ಪೌಂಡ್ ಬೆಣ್ಣೆ, ಅಷ್ಟೇ ತೂಕದ ಉಪ್ಪು ಹಾಕಿದ ಹಂದಿಮಾಂಸ, ಎರಡು ಮೊಟ್ಟೆ, ಸೇಜ್, ಪಾರ್ಸ್ಲಿ ಮುಂತಾದ ಸೊಪ್ಪುಗಳು. ಕಾಲು ಪೌಂಡ್ ಎಂದರೆ ಸುಮಾರು 115 ಗ್ರಾಂ. ಮಾಂಸವೊಂದನ್ನು ಬಿಟ್ಟರೆ ಇಂದು ನಾನು ಬಳಸುವುದೂ ಅಷ್ಟೇ ಬೆಣ್ಣೆ, ಅಷ್ಟೇ ಮೊಟ್ಟೆ. ಅಧ್ಯಕ್ಷ ಲಿಂಕನ್ ಅವರು 1863ರಲ್ಲಿ ಇಡೀ ದೇಶಕ್ಕೆ ಒಂದೇ ದಿನ ಹಬ್ಬ ಎಂದು ಸಾರುವುದಕ್ಕೆ ಬಹಳ ಮೊದಲೇ ಹೂರಣ ಸಿದ್ಧವಾಗಿತ್ತು. ಹಬ್ಬದ ಮೂಲವೆಂದು ಹೇಳುವ 1621ರ ಊಟ ನಡೆದ ಪ್ಲಿಮತ್ ಇಲ್ಲಿಂದ ಒಂದು ಗಂಟೆಯ ದಾರಿ. ಅಂದು ವಲಸೆ ಬಂದ ಇಂಗ್ಲಿಷರ ಜೊತೆ ಕುಳಿತು ಉಂಡ, ಇಲ್ಲಿಯ ಮೂಲನಿವಾಸಿಗಳಾದ ವಾಂಪನೋಗ್ ಜನರಿಗೆ ಆಮೇಲೆ ಒದಗಿದ್ದು ದೊಡ್ಡ ದುರಂತ. 1970ರಿಂದ ಪ್ರತಿ ವರ್ಷ ಇದೇ ಗುರುವಾರ ಮೂಲನಿವಾಸಿಗಳು ಪ್ಲಿಮತ್‌ನಲ್ಲಿ ಸೇರಿ ಶೋಕದ ದಿನವನ್ನು ಆಚರಿಸುತ್ತಾರೆ. ಹಬ್ಬದ ಊಟದ ಬಗ್ಗೆ ಮಾತನಾಡುತ್ತಾ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಡಬ್ಬಿಯ ಸ್ಟಫಿಂಗ್. 1972ರಲ್ಲಿ ಸ್ಟೋವ್ ಟಾಪ್ ಎಂಬ ಹೆಸರಿನಲ್ಲಿ ಬಂತು. ಬಿಸಿನೀರು, ಬೆಣ್ಣೆ ಸೇರಿಸಿ ಐದು ನಿಮಿಷ ಮುಚ್ಚಿಟ್ಟರೆ ಆಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ರೂತ್ ಸೀಮ್ಸ್ ಅವರು ಕಂಡುಕೊಂಡ ಗುಟ್ಟು ಬ್ರೆಡ್ಡಿನ ಚೂರಿನ ಗಾತ್ರದಲ್ಲಿತ್ತು. ತೀರಾ ಸಣ್ಣದಾದರೆ ಗಂಜಿ, ತೀರಾ ದೊಡ್ಡದಾದರೆ ನೀರು ಒಳಗಿಳಿಯುವುದಿಲ್ಲ. ಆ ಬುದ್ಧಿವಂತಿಕೆಗೆ ನನ್ನ ಗೌರವವಿದೆ. ಆದರೆ ಹಬ್ಬಕ್ಕೆ ಡಬ್ಬಿ ಬೇಡ. ಮನೆಯಲ್ಲಿ ಮಾಡುವುದು ಏನೂ ಕಷ್ಟವಿಲ್ಲ, ಮೇಲಾಗಿ ಓವನ್ನಿನಲ್ಲಿ ಬಂದ ಆ ಗರಿಗರಿ ಮೇಲ್ಪದರ ಡಬ್ಬಿಯದರಲ್ಲಿ ಬರುವುದಿಲ್ಲ.

ಮೊದಲ ಸಲ ನಾನೇ ಮಾಡಿದಾಗ ಅಂಗಡಿಯಿಂದ ತಂದ ಹೊಸ, ಮೆತ್ತನೆಯ ಬ್ರೆಡ್ಡನ್ನೇ ಹೆಚ್ಚಿ ಹಾಕಿದೆ. ಹಬ್ಬಕ್ಕೆ ಹೊಸದೇ ಇರಲಿ ಎಂಬ ಆಸೆ. ಅದು ಬೆಂದು ಬಂದಾಗ ಅಂಟು ಮುದ್ದೆ. ಆಗ ಎದುರುಮನೆಯವರ ಬಳಿ ಹೋಗಿ ಕೇಳಿದೆ. ಅವರು ಒಂದೇ ಮಾತು ಹೇಳಿದರು: ಬ್ರೆಡ್ಡನ್ನು ಒಣಗಿಸಬೇಕಿತ್ತು.

ಈ ಅಡುಗೆಯಲ್ಲಿ ಕಲಿಯಬೇಕಾದದ್ದು ಬಹುಪಾಲು ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ನಡದಲ್ಲಿ ನಾವು ತಂಗಳು, ಹಳಸಿದ್ದು, ಒಣಗಿದ್ದು ಎಂದು ಬೇರೆ ಬೇರೆ ಮಾಡಿ ಹೇಳುತ್ತೇವೆ. ನಿನ್ನೆಯ ಅನ್ನ ತಂಗಳು, ಅದರಿಂದ ಚಿತ್ರಾನ್ನ ಮಾಡುತ್ತೇವೆ. ಹಳಸಿದ್ದನ್ನು ಎಸೆಯುತ್ತೇವೆ. ಬ್ರೆಡ್ಡಿನಲ್ಲೂ ಹೀಗೆಯೇ ಭೇದವಿದೆ. ಹೊರಗಿಟ್ಟ ಬ್ರೆಡ್ಡು ಎರಡು ದಿನಕ್ಕೆ ಗಟ್ಟಿಯಾಗುತ್ತದೆ. ನೀರು ಆರಿಹೋಯಿತು ಎಂದುಕೊಳ್ಳುತ್ತೇವೆ, ಆದರೆ ಮುಖ್ಯ ಕಾರಣ ಅದಲ್ಲ. ಬೇಯುವಾಗ ಸಡಿಲವಾಗಿದ್ದ ಪಿಷ್ಟದ ಕಣಗಳು ತಣ್ಣಗಾದ ಮೇಲೆ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ತಂಗಳು ಅನ್ನ ಉದುರುದುರಾಗುವುದಕ್ಕೂ ಇದೇ ಕಾರಣ. ಹಾಗೆ ಗಟ್ಟಿಯಾದ ಬ್ರೆಡ್ಡಿನೊಳಗೆ ನೀರು ಇನ್ನೂ ಇರುತ್ತದೆ, ರಸ ಹೀರಿಕೊಳ್ಳಲು ಜಾಗ ಇರುವುದಿಲ್ಲ. ಓವನ್ನಿನ ಹದವಾದ ಶಾಖದಲ್ಲಿ ಒಣಗಿಸಿದರೆ ನೀರು ನಿಜವಾಗಿ ಹೊರಟುಹೋಗುತ್ತದೆ. ಆಮೇಲೆ ಆ ಚೂರು ಎಷ್ಟು ರಸ ಕುಡಿದರೂ ಕರಗದೆ ನಿಲ್ಲುತ್ತದೆ.

ಈಗ ಬರೆದುಕೊಳ್ಳುವವರು ಕಾಗದ ಪೆನ್ನು ತೆಗೆದುಕೊಳ್ಳಿ. ಎಂಟು ಹತ್ತು ಜನಕ್ಕೆ ಲೆಕ್ಕ.

450 ಗ್ರಾಂ ಬ್ರೆಡ್ಡು. ಹೋಳು ಮಾಡದ, ಗಟ್ಟಿ ಹೊರಪದರದ ಇಡೀ ಬ್ರೆಡ್ಡು ಒಳ್ಳೆಯದು. ಸಿಹಿ ಬ್ರೆಡ್ಡು ಬೇಡ. ಎರಡು ಸೆಂಟಿಮೀಟರ್ ಚೂರುಗಳಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 45 ನಿಮಿಷ ಇಡಿ. ನಡುವೆ ಒಂದೆರಡು ಸಲ ಕೈಯಾಡಿಸಿ. ಬಣ್ಣ ಬರಬೇಕಾಗಿಲ್ಲ. ಮುರಿದರೆ ಟಕ್ಕೆನ್ನಬೇಕು, ಅಷ್ಟೇ. ಈ ಕೆಲಸವನ್ನು ಹಬ್ಬದ ಹಿಂದಿನ ದಿನವೇ ಮುಗಿಸಿ.

ಬಾಣಲೆಯಲ್ಲಿ 115 ಗ್ರಾಂ ಬೆಣ್ಣೆ ಕರಗಿಸಿ. ಎರಡು ಈರುಳ್ಳಿ, ನಾಲ್ಕು ಸೆಲರಿ ದಂಟು, ಎರಡನ್ನೂ ಸಣ್ಣಗೆ ಹೆಚ್ಚಿ ಹಾಕಿ. ಸೆಲರಿಯ ಎಲೆಯನ್ನು ಎಸೆಯಬೇಡಿ, ರುಚಿ ಅದರಲ್ಲೇ ಹೆಚ್ಚು. ಹನ್ನೆರಡು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸಿ. ನಮ್ಮ ಕೈ ಈರುಳ್ಳಿಯನ್ನು ಕೆಂಪಗೆ ಹುರಿಯುವುದಕ್ಕೆ ಓಡುತ್ತದೆ. ಇಲ್ಲಿ ತಡೆಯಿರಿ, ಕೆಂಪಾದರೆ ಸಿಹಿ ಏರಿ ಸೇಜ್‌ನ ಘಮ ಅಡಗಿಬಿಡುತ್ತದೆ. ಕೊನೆಯಲ್ಲಿ ಹೆಚ್ಚಿದ ಹಸಿ ಸೇಜ್ ಎರಡು ದೊಡ್ಡ ಚಮಚ, ಥೈಮ್ ಒಂದು ದೊಡ್ಡ ಚಮಚ. ಒಣಗಿದ್ದಾದರೆ ಇದರ ಮೂರನೆಯ ಒಂದು ಭಾಗ ಸಾಕು. ಒಂದು ಹಿಡಿ ಪಾರ್ಸ್ಲಿ, ಉಪ್ಪು, ಧಾರಾಳವಾಗಿ ಕಾಳುಮೆಣಸಿನ ಪುಡಿ.

ಮುಂದಿನದು ರಸ. ಬೇಳೆ ಬಸಿದ ನೀರಿಗೆ ನಾವು ಕಟ್ಟು ಎನ್ನುತ್ತೇವಲ್ಲ, ಹಾಗೆಯೇ ಇದಕ್ಕೆ ತರಕಾರಿಯ ಕಟ್ಟು ಬೇಕು. ಅಣಬೆ, ಕ್ಯಾರೆಟ್, ಈರುಳ್ಳಿ, ಸೆಲರಿಯ ಬುಡ, ನಾಲ್ಕು ಕಾಳುಮೆಣಸು ಹಾಕಿ ಮುಕ್ಕಾಲು ಗಂಟೆ ಕುದಿಸಿ ಸೋಸಿ. ಅಣಬೆ ಇದ್ದರೆ ಮಾಂಸದ ಕಟ್ಟಿನಲ್ಲಿರುವ ಆಳ ಇದಕ್ಕೂ ಬರುತ್ತದೆ. ಇದು 600 ಮಿಲಿಲೀಟರ್ ಬೇಕು. ಒಣಗಿದ ಬ್ರೆಡ್ಡಿಗೆ ಬಾಡಿಸಿದ್ದನ್ನೆಲ್ಲ ಸೇರಿಸಿ, ಮೊದಲು ಅರ್ಧ ಕಟ್ಟನ್ನು ಸುರಿದು ಮೆಲ್ಲಗೆ ಕಲಸಿ, ಹತ್ತು ನಿಮಿಷ ಬಿಡಿ. ಉಳಿದರ್ಧ ತಣ್ಣಗಾಗಿರಲಿ, ಅದರಲ್ಲಿ ಎರಡು ಮೊಟ್ಟೆ ಕದಡಿ ಸುರಿಯಿರಿ. ಮೊಟ್ಟೆ ಬೇಡ ಎನ್ನುವವರು ಎರಡು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಆರು ಚಮಚ ನೀರಿನಲ್ಲಿ ನೆನೆಸಿ ಹಾಕಿ. ಅಗಸಿ ಚಟ್ನಿಪುಡಿ ತಿಂದು ಬೆಳೆದ ಉತ್ತರ ಕರ್ನಾಟಕದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಅದೇ ಹದ.

ಬೆಣ್ಣೆ ಸವರಿದ ಅಗಲ ಪಾತ್ರೆಗೆ ಹಾಕಿ, ಅಲ್ಯೂಮಿನಿಯಂ ಹಾಳೆ ಮುಚ್ಚಿ, 175 ಡಿಗ್ರಿಯಲ್ಲಿ ಅರ್ಧ ಗಂಟೆ. ಆಮೇಲೆ ಹಾಳೆ ತೆಗೆದು ಮತ್ತೆ ಅರ್ಧ ಗಂಟೆ. ಪಾತ್ರೆಗೆ ಒತ್ತಿ ತುಂಬಬೇಡಿ. ಏರುತಗ್ಗಾಗಿರಲಿ, ಏರಿದ ತುದಿಗಳೇ ಗರಿಗರಿಯಾಗುವುದು.

ಮಾಂಸ ಮಾಡುವ ಮನೆಯವರಿಗೂ ನನ್ನ ಸಲಹೆ ಇದೇ: ಕೋಳಿಯೊಳಗೆ ತುಂಬಬೇಡಿ. ಹಸಿ ಕೋಳಿಯಿಂದ ಇಳಿಯುವ ರಸವನ್ನು ಬ್ರೆಡ್ಡು ಹೀರುತ್ತದೆ. ಅದರಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಹೂರಣದ ನಟ್ಟನಡುವೆ ಶಾಖ 74 ಡಿಗ್ರಿ ಮುಟ್ಟಿದರೆ ಮಾತ್ರ ತಿನ್ನಲು ಯೋಗ್ಯ. ಅದು ಮುಟ್ಟುವ ಹೊತ್ತಿಗೆ ಎದೆಯ ಮಾಂಸ ಒಣಗಿ ನಾರಾಗಿರುತ್ತದೆ. ಬೇರೆಯಾಗಿ ಬೇಯಿಸಿದರೆ ಎರಡೂ ಚೆನ್ನ. ಊಟವಾದ ಎರಡು ಗಂಟೆಯೊಳಗೆ ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಒಮ್ಮೆ ವಿವರಿಸಿದ್ದೆ. ಪೂರ್ತಿ ಕೇಳಿಸಿಕೊಂಡು, "ಅಂದರೆ ಬ್ರೆಡ್ಡಿನ ಉಪ್ಪಿಟ್ಟೇ ಅಲ್ಲವೇನೇ?" ಎಂದರು. ಆಮೇಲೆ ನಮ್ಮಲ್ಲಿಗೆ ಬಂದಾಗ ತಾವೇ ಎರಡನೆಯ ಸಲ ಬಡಿಸಿಕೊಂಡರು. ಮರುದಿನ ಬೆಳಗ್ಗೆ ಉಳಿದದ್ದನ್ನು ಏನು ಮಾಡಬೇಕೆಂದು ನನಗೆ ತೋರಿಸಿಕೊಟ್ಟವರೂ ಅವರೇ. ತಣ್ಣಗಿನ ಸ್ಟಫಿಂಗನ್ನು ಅಂಗೈಯಗಲ ತಟ್ಟಿ, ಕಾದ ಕಾವಲಿಯ ಮೇಲೆ ತುಪ್ಪ ಹಾಕಿ, ಎರಡೂ ಬದಿ ಕೆಂಪಗೆ ಸುಟ್ಟರು. ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ.

ನನ್ನ ಮಗ ಈಗ ದೂರದ ಊರಿನಲ್ಲಿ ಓದುತ್ತಿದ್ದಾನೆ. ಹಬ್ಬದ ದಿನದ ಊಟಕ್ಕಿಂತ ಅವನು ಕಾಯುವುದು ಈ ಶುಕ್ರವಾರದ ಬೆಳಗಿಗೆ. ನಾಳೆ ರಾತ್ರಿ ಬರುತ್ತಿದ್ದಾನೆ. ಆದ್ದರಿಂದ ಲೆಕ್ಕಕ್ಕಿಂತ ಒಂದು ಬ್ರೆಡ್ಡು ಹೆಚ್ಚಿಗೇ ತಂದಿದ್ದೇನೆ. ಹೆಚ್ಚಿದ ಚೂರುಗಳು ಓವನ್ನಿನಲ್ಲಿ ಒಣಗುತ್ತಿವೆ, ಒಮ್ಮೆ ಕೈಯಾಡಿಸುವ ಹೊತ್ತಾಯಿತು.

ನಮಸ್ಕಾರ.