ಬೇಟೆಗಾರ ಕೊರೆದ ತೂತುಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಬೇಟೆ ಕೋವಿಯಾಗಿ ಮಾರ್ಪಟ್ಟ ಹಳೆಯ ಸೇನಾ ರೈಫಲ್ ಒಂದನ್ನು ಮತ್ತೆ ಮೊದಲಿನ ರೂಪಕ್ಕೆ ತರುವುದು ಇಂದಿನ ಮಾತು.

ಎರಡನೆಯ ಮಹಾಯುದ್ಧ ಮುಗಿದು ಅಮೆರಿಕದ ಸೈನಿಕರು ಯುರೋಪಿನಿಂದ ಊರಿಗೆ ಮರಳಿದಾಗ ಅವರ ಉದ್ದನೆಯ ಬಟ್ಟೆಯ ಚೀಲಗಳಲ್ಲಿ ಜರ್ಮನ್ ಸೇನೆಯ ರೈಫಲ್‌ಗಳೂ ಇದ್ದವು. ಸೋತವನ ಆಯುಧವನ್ನು ನೆನಪಿಗೆಂದು ಒಯ್ಯಲು ಮೇಲಧಿಕಾರಿ ಸಹಿ ಮಾಡಿದ ಒಂದು ಚೀಟಿ ಬೇಕಿತ್ತು, ಅಷ್ಟೆ. ತೊಡಕು ಬೇರೆಯೇ ಇತ್ತು. ರೈಫಲ್‌ನ ಉದ್ದ 111 ಸೆಂಟಿಮೀಟರ್, ಚೀಲ ಅದಕ್ಕಿಂತ ಗಿಡ್ಡ. ನಳಿಗೆಯನ್ನು ಅದನ್ನು ಹೊತ್ತ ಮರದ ಭಾಗದಿಂದ ಬಿಡಿಸಿದರೂ ಆ ಮರವೇ ಹಿಡಿಸುತ್ತಿರಲಿಲ್ಲ. ಹಾಗಾಗಿ ಎಷ್ಟೋ ಮಂದಿ ಗರಗಸ ಹಿಡಿದು, ಮುಂಭಾಗದ ಕಬ್ಬಿಣದ ಪಟ್ಟಿ ಕೂರುವ ಜಾಗದಲ್ಲಿ ಮರವನ್ನು ಎರಡು ತುಂಡು ಮಾಡಿದರು. ಮನೆಗೆ ಬಂದು ಜೋಡಿಸಿದಾಗ ಕತ್ತರಿಸಿದ ಗುರುತು ಪಟ್ಟಿಯಡಿಯಲ್ಲಿ ಮುಚ್ಚಿಹೋಗುತ್ತಿತ್ತು.

ಆ ರೈಫಲ್‌ನ ಹೆಸರು ಕರಾಬಿನರ್ 98 ಕುರ್ಟ್ಸ್. ನೆಕ್ಕರ್ ನದಿಯ ದಡದ ಓಬರ್ನ್‌ಡೋರ್ಫ್‌ನಲ್ಲಿ ಪೌಲ್ ಮೌಸರ್ ರೂಪಿಸಿದ, 1898ರಲ್ಲಿ ಜರ್ಮನ್ ಸೇನೆ ಒಪ್ಪಿಕೊಂಡ ಉದ್ದನೆಯ ರೈಫಲ್‌ನ ಗಿಡ್ಡ ರೂಪ ಅದು. 1935ರಲ್ಲಿ ಸೇನೆಗೆ ಬಂತು. 60 ಸೆಂಟಿಮೀಟರ್ ನಳಿಗೆ, 7.92 ಮಿಲಿಮೀಟರ್ ಗುಂಡು, ಒಳಗೆ ಐದು ತೋಟಾ. ಯುದ್ಧ ಮುಗಿಯುವ ಹೊತ್ತಿಗೆ 1 ಕೋಟಿ 40 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ತೋಟಾವನ್ನು ಒಳದೂಡಿ ಹಿಂದಿನಿಂದ ಬಿಗಿಯಾಗಿ ಮುಚ್ಚುವ ಇದರ ಬೋಲ್ಟ್ ವ್ಯವಸ್ಥೆಯ ಗಟ್ಟಿತನದ ಬಗ್ಗೆ ಶತ್ರುಗಳಿಗೂ ಅನುಮಾನವಿರಲಿಲ್ಲ. ಅಮೆರಿಕದ ಸ್ವಂತ ಸ್ಪ್ರಿಂಗ್‌ಫೀಲ್ಡ್ 1903 ರೈಫಲ್ ಮೌಸರ್‌ಗೆ ಎಷ್ಟು ಹತ್ತಿರವಿತ್ತೆಂದರೆ ಆ ಸರ್ಕಾರ ಮೌಸರ್ ಕಂಪನಿಗೆ ರಾಯಧನ ತೆರಬೇಕಾಯಿತು.

ಗಟ್ಟಿಯಾದ, ಅಗ್ಗವಾದ, ಬೇಕಾದಷ್ಟು ಸಿಗುವ ಕೋವಿ. ಜಿಂಕೆ ಬೇಟೆಯವರಿಗೆ ಇನ್ನೇನು ಬೇಕು? 1950ರ ದಶಕದಲ್ಲಿ ಅಂಚೆಯ ಮೂಲಕವೂ ಇಂಥ ಹಳೆಯ ಸೇನಾ ರೈಫಲ್‌ಗಳನ್ನು ತರಿಸಿಕೊಳ್ಳಬಹುದಿತ್ತು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕೊಂದ, ಗುರಿಯನ್ನು ಹಿಗ್ಗಿಸಿ ತೋರಿಸುವ ಕೊಳವೆಯನ್ನು, ಅಂದರೆ ಸ್ಕೋಪನ್ನು, ಹೊತ್ತ ಇಟಲಿಯ ಸೇನಾ ರೈಫಲ್ ಬಂದದ್ದೂ ಅಂಚೆಯಲ್ಲೇ. 1968ರ ಕಾನೂನು ಆ ಬಾಗಿಲು ಮುಚ್ಚುವವರೆಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮೌಸರ್‌ಗಳನ್ನು ಬೇಟೆ ಕೋವಿಯಾಗಿ ಮಾರ್ಪಡಿಸುವುದು ಅಲ್ಲಿನ ಗಂಡಸರ ಭಾನುವಾರದ ಕಸುಬಾಗಿತ್ತು.

ಮುಂಭಾಗದ ಮರ ಕತ್ತರಿಸಿ ಹಗುರಗೊಳಿಸುತ್ತಿದ್ದರು. ಬಯನೆಟ್ ಸಿಕ್ಕಿಸುವ ಕಬ್ಬಿಣ ಬಿಸಾಡುತ್ತಿದ್ದರು. ಹಿಂದಿನ ಗುರಿಕಣ್ಣನ್ನು ಕಿತ್ತು, ಬೋಲ್ಟ್ ಕೂರುವ ಉಕ್ಕಿನ ಮನೆಗೆ, ಅಂದರೆ ರಿಸೀವರ್‌ಗೆ, ಮೇಲಿನಿಂದ ತೂತು ಕೊರೆದು ಸ್ಕೋಪ್ ಕೂರಿಸುತ್ತಿದ್ದರು. ಸ್ಕೋಪ್ ಹೆಚ್ಚಾಗಿ ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ತಯಾರಾದ ವೀವರ್ ಆಗಿರುತ್ತಿತ್ತು. ಸ್ಕೋಪ್ ತಗ್ಗಾಗಿ ಕೂತರೆ ಎರಡು ಅಡಚಣೆ. ಬೋಲ್ಟ್ ಎತ್ತಿದಾಗ ಹಿಡಿ ಅದಕ್ಕೆ ತಗಲುತ್ತದೆ, ಬೋಲ್ಟ್‌ನ ಹಿಂತುದಿಯಲ್ಲಿ ಅತ್ತಿಂದಿತ್ತ ಹೊರಳುವ ಸುರಕ್ಷಾ ಕೀಲೂ ತಗಲುತ್ತದೆ. ಆದ್ದರಿಂದ ಹಿಡಿಯನ್ನು ಕಾಯಿಸಿ ಬಗ್ಗಿಸುವುದು ಅಥವಾ ಕತ್ತರಿಸಿ ಹೊಸದನ್ನು ಬೆಸೆಯುವುದು, ಕೀಲನ್ನು ಬದಲಿಸುವುದು. ಕೊನೆಗೆ ಎಲ್ಲವನ್ನೂ ತಿಕ್ಕಿ, ಕನ್ನಡಿಯಂತೆ ಹೊಳೆಯಿಸಿ, ಹೊಸದಾಗಿ ಕಪ್ಪು ನೀಲಿ ಬಣ್ಣ ಕೊಡುವುದು. ಆ ತಿಕ್ಕಾಟದಲ್ಲಿ ಇತಿಹಾಸವೂ ತಿಕ್ಕಿಹೋಯಿತು.

ಏಕೆಂದರೆ ಈ ರೈಫಲ್‌ನ ಮೈತುಂಬಾ ಬರಹ. ಕಾರ್ಖಾನೆಗಳು ತಮ್ಮ ಹೆಸರನ್ನು ಬರೆಯದೆ ಸಂಕೇತಾಕ್ಷರ ಒತ್ತುತ್ತಿದ್ದವು. ಬಿವೈಎಫ್ ಎಂದರೆ ಓಬರ್ನ್‌ಡೋರ್ಫ್‌ನ ಮೌಸರ್, ಬಿಎನ್‌ಜೆಡ್ ಎಂದರೆ ಆಸ್ಟ್ರಿಯಾದ ಸ್ಟೈಯರ್, ಡಿಒಟಿ ಎಂದರೆ ಜೆಕ್ ನಾಡಿನ ಬ್ರನೋ. ಪಕ್ಕದಲ್ಲಿ ವರ್ಷ. ಜೊತೆಗೆ ಸೇನೆಯ ತಪಾಸಣಾಧಿಕಾರಿಯ ಹದ್ದಿನ ಮುದ್ರೆ. ನಳಿಗೆ, ಬೋಲ್ಟ್, ತಳದ ತಟ್ಟೆ, ಪಟ್ಟಿಗಳು, ಕೆಲವು ತಿರುಪಿನ ತಲೆಗಳ ಮೇಲೂ ಕ್ರಮಸಂಖ್ಯೆ ಅಥವಾ ಅದರ ಕೊನೆಯ ಅಂಕಿಗಳು. ಎಲ್ಲ ಅಂಕಿಗಳೂ ಒಂದಕ್ಕೊಂದು ತಾಳೆಯಾದರೆ ಸಂಗ್ರಹಕಾರನ ಮುಖ ಅರಳುತ್ತದೆ.

ಈಗ ಅಜ್ಜನ ಕಾಲದ ಅಂಥ ಬೇಟೆ ಕೋವಿಯನ್ನು ಮತ್ತೆ ಸೈನಿಕನ ರೂಪಕ್ಕೆ ತರಬೇಕೆಂದು ಮೊಮ್ಮಗ ಹೊರಡುತ್ತಾನೆ. ಮರದ ಕೆಲಸ ಅಷ್ಟು ಕಷ್ಟವಲ್ಲ. ಅದೇ ಕಾಲದ ಇನ್ನೊಂದು ಮರ ಸಿಗುತ್ತದೆ. ಮೊದಲ ವರ್ಷಗಳ ರೈಫಲ್ ಆದರೆ ಅಕ್ರೋಟ ಮರ, ಯುದ್ಧಕಾಲದ್ದಾದರೆ ತೆಳು ಹಲಗೆಗಳನ್ನು ಅಂಟಿಸಿ ಒತ್ತಿದ ಬೀಚ್ ಮರ. ಚೀಲಕ್ಕಾಗಿ ಕತ್ತರಿಸಿದ ಮೂಲ ಮರವೇ ಉಳಿದಿದ್ದರೆ ಅದಕ್ಕಿಂತ ಭಾಗ್ಯವಿಲ್ಲ, ಮರದ ಗೂಟ ಮತ್ತು ಅಂಟಿನಿಂದ ಜೋಡಿಸಬಹುದು. ತಗ್ಗಾದ ಕಡೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯಿಟ್ಟು ಆವಿ ಕೊಟ್ಟರೆ ಮರ ಉಬ್ಬಿ ಮೇಲೇಳುತ್ತದೆ. ಆಮೇಲೆ ಅಗಸೆ ಎಣ್ಣೆ. ಸ್ಯಾಂಡ್ ಪೇಪರ್ ಮಾತ್ರ ಹತ್ತಿರ ಸುಳಿಯಬಾರದು. ಮರದ ಮೇಲಿನ ಮುದ್ರೆ ಒಮ್ಮೆ ಹೋದರೆ ಹೋದಂತೆಯೇ.

ಉಕ್ಕಿನ ಮೇಲಿನ ಕೆಂಪು ತುಕ್ಕಿಗೂ ಒಂದು ಮೃದು ಉಪಾಯವಿದೆ. ಭಾಗವನ್ನು ಶುದ್ಧ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗಿ ಮಾರ್ಪಡುತ್ತದೆ. ನವಿರಾದ ಉಕ್ಕಿನ ನಾರಿನಿಂದ ಒರೆಸಿದರೆ ಅದೇ ರಕ್ಷಾಕವಚ. ತಾಳ್ಮೆಯೊಂದೇ ಅದರ ಬೆಲೆ.

ಇಷ್ಟೆಲ್ಲ ಸರಿ. ಬೇಟೆಗಾರ ರಿಸೀವರ್‌ನಲ್ಲಿ ಕೊರೆದ ಆ ತೂತುಗಳನ್ನು ಏನು ಮಾಡುವುದು? ಬೆಸುಗೆ ಹಾಕಿ ಮುಚ್ಚಿ, ಅರದಿಂದ ಸಮ ಮಾಡಿದರೆ ಗುರುತೇ ಸಿಗುವುದಿಲ್ಲವಲ್ಲ ಎಂದು ಹಲವರು ಯೋಚಿಸುತ್ತಾರೆ. ನನಗೆ ಇದು ಅಪಾಯವೂ ಹೌದು, ಅಪ್ರಾಮಾಣಿಕವೂ ಹೌದು. ಮೌಸರ್ ರಿಸೀವರ್ ಒಳಗೆ ಮೆದು, ಹೊರಪದರ ಮಾತ್ರ ಗಡಸು. ಹಾಗೆಂದೇ ಅದು ಸಿಡಿಯದೆ ಬಾಗಿ ತಾಳಿಕೊಳ್ಳುತ್ತದೆ. ಬೆಸುಗೆಯ ಶಾಖ ಆ ಹದವನ್ನು ಕೆಡಿಸುತ್ತದೆ. ಗುಂಡು ಹಾರುವಾಗ ಒತ್ತಡ ತಡೆಯುವ ಜಾಗ ಅದೇ, ಗುರಿಯಿಡುವವನ ಕೆನ್ನೆ ಇರುವುದೂ ಅದರ ಹತ್ತಿರವೇ. ತೂತುಗಳಿಗೆ ಅಳತೆಗೆ ಸರಿಯಾದ ಗಿಡ್ಡ ತಿರುಪುಗಳನ್ನು ತುಂಬಿ ಅಲ್ಲಿಗೆ ಬಿಡಬೇಕು. ಕಾಣಿಸಿದರೆ ಕಾಣಿಸಲಿ. ಅಜ್ಜನೂ ಈ ಕೋವಿಯ ಚರಿತ್ರೆಯಲ್ಲಿ ಇದ್ದವನೇ.

ಸ್ಕೋಪ್ ವಿಷಯಕ್ಕೆ ಬಂದಾಗ ಆಸೆ ಹೆಡೆಯೆತ್ತುತ್ತದೆ. ಹೇಗೂ ತೂತಿದೆ, ಇದನ್ನು ಗುರಿಕಾರನ ರೈಫಲ್ ಎಂದೇ ಮಾಡಿಬಿಟ್ಟರೆ? ಗುರಿಕಾರರ ರೈಫಲ್‌ಗಳಿಗೆ ಸಾಮಾನ್ಯ ರೈಫಲ್‌ಗಳಿಗಿಂತ ಹಲವು ಪಟ್ಟು ಬೆಲೆ. ಆದರೆ ಜರ್ಮನರು ಸ್ಕೋಪ್ ಕೂರಿಸಿದ ಬಗೆ ಬೇರೆ. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್‌ಗಳನ್ನು ರಿಸೀವರ್‌ನ ಮೇಲಿನ ಎತ್ತರದ ಪೀಠಗಳ ಮೇಲೋ ಎಡಪಕ್ಕದ ಹಳಿಯ ಮೇಲೋ ಕೂರಿಸುತ್ತಿದ್ದರು. ಇನ್ನೊಂದು ಬಗೆ ಜೆಡ್ಎಫ್ 41. ಒಂದೂವರೆ ಪಟ್ಟು ಮಾತ್ರ ಹಿಗ್ಗಿಸುವ ಪುಟ್ಟ ಕೊಳವೆ. ಕಣ್ಣಿನಿಂದ ಬಲು ಮುಂದೆ, ಹಿಂದಿನ ಗುರಿಕಣ್ಣಿನ ಎಡಬದಿಗೆ ಕಡೆದ ಹಳಿಯ ಮೇಲೆ ಕೂರುತ್ತದೆ. ಅದನ್ನು 1 ಲಕ್ಷಕ್ಕೂ ಹೆಚ್ಚು ತಯಾರಿಸಿದರು, ಸೈನಿಕರಿಗೆ ಅದು ಅಷ್ಟೇನೂ ರುಚಿಸಲಿಲ್ಲ. ನಿಮ್ಮ ರೈಫಲ್‌ನ ಗುರಿಕಣ್ಣಿನ ಪೀಠದಲ್ಲಿ ಆ ಹಳಿ ಇದ್ದರೆ ಮಾತ್ರ ಜೆಡ್ಎಫ್ 41 ಹುಡುಕುವುದರಲ್ಲಿ ಅರ್ಥವಿದೆ. ಬರೀ ಮೇಲೆ ತೂತುಗಳಿದ್ದರೆ ಅದು ಜಿಂಕೆ ಬೇಟೆಯ ಗುರುತು, ಸ್ಟಾಲಿನ್‌ಗ್ರಾಡ್ ಯುದ್ಧದ್ದಲ್ಲ.

ಈ ಆಸೆಯ ಮೇಲೆಯೇ ಖೋಟಾ ವ್ಯಾಪಾರವೊಂದು ಬೆಳೆದಿದೆ. ಹೊಸ ಪೀಠ, ಹೊಸ ಮುದ್ರೆ, ಹಳೆಯದೆಂದು ಕಾಣುವ ಬಣ್ಣ. ಹೊಸದಾಗಿ ಒತ್ತಿದ, ಹಿಟ್ಲರನ ಎಸ್‌ಎಸ್ ಪಡೆಯ ಗುರುತುಗಳಂತೂ ಹೇರಳ. ಒಂದು ಕಡೆ ನಾಜಿ ಹದ್ದನ್ನು ಕೊಂಡಾಡಿ ಕೆತ್ತುವವರು, ಇನ್ನೊಂದು ಕಡೆ 1948ರಲ್ಲಿ ಜೆಕೊಸ್ಲೊವಾಕಿಯಾದಿಂದ ಇದೇ ರೈಫಲ್‌ಗಳನ್ನು ತರಿಸಿಕೊಂಡು ಹೊಸ ದೇಶಕ್ಕಾಗಿ ಹೋರಾಡಿದ ಇಸ್ರೇಲಿನ ಯಹೂದಿಗಳು. ಆಯುಧಕ್ಕೆ ಪಕ್ಷವಿಲ್ಲ, ಖೋಟಾ ಮಾಡುವವನಿಗೆ ನಾಚಿಕೆಯಿಲ್ಲ.

ನಿಜವಾದ ಹಳೆಯ ಸ್ಕೋಪ್ ಕೈಗೆ ಸಿಕ್ಕರೆ ಬಿಚ್ಚಲು ಹೋಗಬೇಡಿ. ಆ ಕಾಲದ ಮಸೂರಗಳನ್ನು ಕೆನಡಾ ಬಾಲ್ಸಂ ಎಂಬ ಮರದ ಅಂಟಿನಿಂದ ಒಂದಕ್ಕೊಂದು ಕೂಡಿಸುತ್ತಿದ್ದರು. ವಯಸ್ಸಾದಂತೆ ಅದು ಹಳದಿಯಾಗುತ್ತದೆ, ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ದೃಕ್ ಸಾಧನಗಳ ನುರಿತ ಕೈಗೆ ಮಾತ್ರ ಆ ಕೆಲಸ. ರೈಫಲ್ ಸಿದ್ಧವಾದ ಮೇಲೂ ಗುಂಡು ಹಾರಿಸುವ ಮುನ್ನ ಕೋವಿ ಕಮ್ಮಾರನಿಂದ ಬೋಲ್ಟ್‌ಗೂ ತೋಟಾ ಕೂರುವ ಕೋಣೆಗೂ ಇರುವ ಅಂತರವನ್ನು ಅಳೆಸಬೇಕು. ಬೇರೆ ರೈಫಲ್‌ನ ಬೋಲ್ಟ್ ಸೇರಿದ್ದರೆ ಈ ಅಂತರ ತಪ್ಪಿರಬಹುದು. ಎಷ್ಟೋ ಬೇಟೆಗಾರರು ಕೋಣೆಯನ್ನೇ ಕೊರೆದು ಬೇರೆ ಅಳತೆಯ ತೋಟಾಕ್ಕೆ ಹೊಂದಿಸಿದ್ದುಂಟು. ನಳಿಗೆಯ ಮೇಲಿನ ಅಂಕಿ ನಂಬಿ ಹಳೆಯ ತೋಟಾ ತುಂಬಿದರೆ ಅನಾಹುತ.

ಏನೇನು ಬದಲಿಸಿದಿರಿ, ಯಾವ ಭಾಗ ಎಲ್ಲಿಂದ ಬಂತು ಎಂದು ಒಂದು ಹಾಳೆಯಲ್ಲಿ ಬರೆದು ರೈಫಲ್ ಜೊತೆಗೇ ಇಡಿ. ಕಳಚಿದ ವೀವರ್ ಸ್ಕೋಪನ್ನೂ ಅದರ ತಿರುಪುಗಳನ್ನೂ ಎಸೆಯಬೇಡಿ, ಅವೂ ಅದೇ ಪೆಟ್ಟಿಗೆಯಲ್ಲಿರಲಿ.

ನಮಸ್ಕಾರ.