ನೆಲದಡಿಯ ರೈಲು ಯಾಕೆ ನಿಲ್ಲುತ್ತದೆ? ಅಪ್ಪಯ್ಯನ ಜೊತೆ ಮುಂಬೈ ಮೆಟ್ರೋದಲ್ಲಿ

ನಮಸ್ಕಾರ. ಬೆಳಿಗ್ಗೆ ಹತ್ತೂವರೆ ಗಂಟೆ. ಮರೋಳ್ ನಾಕಾ ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ಇದ್ದೇವೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತವರು ನನ್ನ ಅಪ್ಪಯ್ಯ. ಹದಿನಾರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ದಕ್ಷಿಣ ಮುಂಬೈಯ ಫೋರ್ಟ್‌ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದುಡಿದವರು. ಅಷ್ಟೂ ವರ್ಷ ಅಂಧೇರಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡೇ ಹೋಗಿ ಬಂದರು.

ಈಗ ಮನೆ ಹತ್ತಿರದಿಂದಲೇ ಫೋರ್ಟ್‌ಗೆ ಮೆಟ್ರೋ ಇದೆ. ಆದರೆ ಅಪ್ಪಯ್ಯ ಇವತ್ತಿನವರೆಗೆ ಹತ್ತಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು. "ಒಳ್ಗೆ ನೀರ್ ಬಂದ್ರೆ ಎಂತ ಮಾಡುದ್ ಮಗಾ?"

ಈ ಭಯ ಸುಮ್ನೆ ಬಂದದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆ ದಿನ ಅಪ್ಪಯ್ಯ ಫೋರ್ಟ್‌ನಿಂದ ನಡೆದೇ ಬಂದವರು. ಮನೆ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಸೊಂಟದ ಮಟ್ಟದ ನೀರಿನಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು. ಆ ರಾತ್ರಿ ಅಮ್ಮ ಬಾಗಿಲು ಹಾಕದೆ ಕೂತಿದ್ದು ನನಗೆ ಇನ್ನೂ ನೆನಪಿದೆ.

ಇವತ್ತು ಕೊನೆಗೂ ಒಪ್ಪಿದ್ದಾರೆ. ಒಂದು ಷರತ್ತು ಇದೆ. ನೆಲದಡಿಯ ರೈಲು ಏನೇನು ಕಾರಣಕ್ಕೆ ನಿಲ್ಲುತ್ತದೆ ಅಂತ ನಾನು ದಾರಿಯುದ್ದಕ್ಕೂ ಹೇಳಬೇಕು. ಮುಚ್ಚುಮರೆ ಇಲ್ಲದೆ. ಹಾಗಾಗಿ ಈ ವೀಡಿಯೊ.

ಒಳಗೆ ಹೋಗುವ ಮೊದಲೇ ಅಪ್ಪಯ್ಯ ಒಂದು ವಿಷಯ ಗಮನಿಸಿದರು. ಕೆಳಗೆ ಇಳಿಯಬೇಕಾದ ಸ್ಟೇಷನ್ನಿಗೆ ಮೊದಲು ಮೆಟ್ಟಿಲು ಹತ್ತಬೇಕು. ಯಾಕೆ? ರಸ್ತೆ ನೀರು ಒಳಗೆ ನುಗ್ಗಬಾರದು ಅಂತ. ರಸ್ತೆಗಿಂತ ಎತ್ತರಕ್ಕೆ ಹೋಗಿ, ಅಲ್ಲಿಂದ ಕೆಳಗೆ ಇಳಿಯುವುದು. ಅಪ್ಪಯ್ಯ ನಕ್ಕರು. "ನಮ್ ಮನೆ ಜಗಲಿ ಹಾಂಗೆ." ಹೌದು, ಊರಿನ ಮನೆಗಳ ಜಗಲಿ ಅಂಗಳಕ್ಕಿಂತ ಎತ್ತರ ಇರುವುದೂ ಅದಕ್ಕೇ ಅಲ್ವಾ.

ಈ ಲೈನಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಮುಂಬೈ ಮೆಟ್ರೋ ಮೂರು, ಆಕ್ವಾ ಲೈನ್. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ಸ್ಟೇಷನ್. ಆರೆ ಒಂದು ಬಿಟ್ಟರೆ ಉಳಿದ 26 ನೆಲದಡಿಯಲ್ಲೇ. 2024ರ ಅಕ್ಟೋಬರ್‌ನಲ್ಲಿ ಬಿಕೆಸಿ, ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ವರೆಗೆ ಶುರುವಾಯಿತು. 2025ರ ಮೇ ತಿಂಗಳಲ್ಲಿ ವರ್ಲಿ ದಾಟಿ ಆಚಾರ್ಯ ಅತ್ರೆ ಚೌಕ್‌ವರೆಗೆ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ಮುಟ್ಟಿತು.

ಪ್ಲಾಟ್‌ಫಾರ್ಮ್‌ಗೆ ಬಂದೆವು. ಹಳಿಯೇ ಕಾಣುವುದಿಲ್ಲ. ಉದ್ದಕ್ಕೂ ಗಾಜಿನ ಗೋಡೆ, ರೈಲು ಬಂದಾಗ ಮಾತ್ರ ತೆರೆಯುವ ಬಾಗಿಲು. ಈ ಬಾಗಿಲು ಯಾಕೆ ಬೇಕು ಎಂಬುದಕ್ಕೆ ನಾನು ಎರಡು ಬೆಕ್ಕಿನ ಮರಿಗಳ ಕಥೆ ಹೇಳಿದೆ. 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಸಬ್‌ವೇ ಲೈನು ಸುರಂಗದ ಹೊರಗೆ ತೆರೆದ ಜಾಗದಲ್ಲಿ ಓಡುವ ಕಡೆ, ಎರಡು ಮರಿಗಳು ಹಳಿಗೆ ಇಳಿದುಬಿಟ್ಟವು. ಅಲ್ಲಿ ಕರೆಂಟು ಹರಿಯುವುದು ಹಳಿಯ ಪಕ್ಕದ ಮೂರನೇ ಹಳಿಯಲ್ಲಿ. ನಮ್ಮ ಬೆಂಗಳೂರು ಮೆಟ್ರೋದಲ್ಲೂ ಹಾಗೇ. ತಾಗಿದರೆ ಮುಗಿಯಿತು. ಅದಕ್ಕೆ ಕರೆಂಟು ತೆಗೆದು ಎರಡು ಲೈನಿನ ರೈಲು ನಿಲ್ಲಿಸಿದರು. ಸುಮಾರು ಎರಡು ಗಂಟೆ. ಎರಡು ಸಣ್ಣ ಜೀವಕ್ಕಾಗಿ ಅಷ್ಟು ದೊಡ್ಡ ಊರು ಕಾದದ್ದು ನನಗೆ ತುಂಬಾ ಇಷ್ಟ.

ನಮ್ಮ ಈ ಲೈನಿನಲ್ಲಿ ಕರೆಂಟು ಬರುವುದು ಮೇಲಿನಿಂದ, 25 ಸಾವಿರ ವೋಲ್ಟ್. ಜೊತೆಗೆ ಈ ಗಾಜಿನ ಗೋಡೆ. ಇಲ್ಲಿ ಪ್ಲಾಟ್‌ಫಾರ್ಮ್‌ನಿಂದ ಬೆಕ್ಕು ಹಳಿಗೆ ಇಳಿಯುವುದು ಕಷ್ಟ.

ರೈಲು ಹತ್ತಿದೆವು. ಅಪ್ಪಯ್ಯನಿಗೆ ಕೂರಲು ಜಾಗ ಸಿಕ್ಕಿತು. ಏರ್‌ಪೋರ್ಟ್, ಸಾಂತಾಕ್ರೂಜ್ ಎಲ್ಲ ದಾಟಿ ಬಿಕೆಸಿ ಬಂತು. 2024ರ ನವೆಂಬರ್ 15ರಂದು ಇಲ್ಲಿ ಒಂದು ಪ್ರವೇಶದ್ವಾರದ ಹೊರಗೆ ಬೆಂಕಿ ಹೊತ್ತಿಕೊಂಡಿತ್ತು. ಮರದ ಸಾಮಾನು ಉರಿದದ್ದು. ರೈಲಿಗೆ ಏನೂ ಆಗಿರಲಿಲ್ಲ. ಆದರೆ ಹೊಗೆ ಒಳಗೆ ಬಂತು, ಇಲ್ಲಿ ರೈಲು ನಿಲ್ಲಿಸುವುದನ್ನು ಬಂದ್ ಮಾಡಿದರು. ನೆಲದಡಿಯಲ್ಲಿ ಹೊಗೆ ಅಂದರೆ ಯಾರೂ ಕಾದು ನೋಡುವುದಿಲ್ಲ, ನೋಡಬಾರದು ಕೂಡ.

ಬಿಕೆಸಿಯಿಂದ ಧಾರಾವಿಗೆ ಹೋಗುವಾಗ ನಮ್ಮ ತಲೆ ಮೇಲೆ ಮೀಠಿ ನದಿ. 2005ರಲ್ಲಿ ಉಕ್ಕಿದ ಅದೇ ನದಿ. ಅಪ್ಪಯ್ಯನಿಗೆ ಹೇಳಿದೆ. ಅವರು ಒಮ್ಮೆ ಮೇಲೆ ನೋಡಿದರು, ಏನೂ ಮಾತಾಡಲಿಲ್ಲ. ನಾನು ಕೈ ಹಿಡಿದುಕೊಂಡೆ.

ಈ ವಿಷಯ ಓದುತ್ತಾ ಓದುತ್ತಾ ನನಗೆ ಒಂದು ತಿಳಿಯಿತು. ಸುರಂಗಕ್ಕೆ ಬರುವ ವಿಚಿತ್ರ ತೊಂದರೆಗಳಲ್ಲಿ ಎಷ್ಟೋ ಸುರಂಗದೊಳಗೆ ಹುಟ್ಟುವುದೇ ಇಲ್ಲ. ಪಕ್ಕದಲ್ಲೋ ಮೇಲೋ ಯಾರೋ ತಮ್ಮ ಕೆಲಸ ಮಾಡುತ್ತಿರುತ್ತಾರೆ. ಕೆಳಗೆ ರೈಲಿದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ಲಂಡನ್‌ನಲ್ಲಿ ಹೀಗೇ ಆಯಿತು. 2013ರ ಮಾರ್ಚ್ 8. ಓಲ್ಡ್ ಸ್ಟ್ರೀಟ್ ಹತ್ತಿರ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಆ ಜಾಗದ ಕೆಳಗೆ 1904ರಿಂದ ರೈಲಿನ ಸುರಂಗ ಇದೆ. ಕಟ್ಟಡದವರ ನಕ್ಷೆಯಲ್ಲಿ ಅದು ಇರಲಿಲ್ಲ. ದೊಡ್ಡ ಬೈರಿಗೆ ಸುಮಾರು 13 ಮೀಟರ್ ಇಳಿದು ಸುರಂಗದ ಚಾವಣಿಯನ್ನೇ ತೂತು ಮಾಡಿ ಒಳಗೆ ಬಂತು. ಆ ದಾರಿಯಲ್ಲಿ ಹೋದ ಒಬ್ಬ ಡ್ರೈವರ್ ಮೇಲಿನಿಂದ ನೀರು ಸುರಿಯುವುದನ್ನು ನೋಡಿ ತಕ್ಷಣ ತಿಳಿಸಿದ. ಖಾಲಿ ರೈಲು ಕಳಿಸಿ ನೋಡಿದಾಗ ಬೈರಿಗೆ ಕಂಡಿತು. ಆ ಡ್ರೈವರ್ "ಏನೋ ಸ್ವಲ್ಪ ಸೋರುತ್ತಿದೆ" ಅಂತ ಸುಮ್ಮನೆ ಮುಂದೆ ಹೋಗಿದ್ದರೆ? ಯೋಚಿಸಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ದಾದರ್ ಬಂತು. ಗಾಡಿ ತುಂಬಿತು. ಈಗ ಅಪ್ಪಯ್ಯನಿಗೆ ಅಂತಲೇ ಎತ್ತಿಟ್ಟಿದ್ದ ಕಥೆ ಹೇಳಿದೆ.

ಅದೂ ಲಂಡನ್ನಿನದೇ. 2014ರ ಜನವರಿ 23. ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಹೊಸ ಕೆಲಸ ನಡೆದಿತ್ತು. ಒಂದು ಖಾಲಿ ಜಾಗ ತುಂಬಿಸಲು ಬೇಗ ಗಟ್ಟಿಯಾಗುವ ಕಾಂಕ್ರೀಟ್ ಸುರಿಯುತ್ತಿದ್ದರು. ಅದರ ಪಕ್ಕದಲ್ಲೇ ವಿಕ್ಟೋರಿಯಾ ಲೈನಿನ ಸಿಗ್ನಲ್ ಕೋಣೆ. ಕಾಂಕ್ರೀಟ್ ಹರಿದು ಆ ಕೋಣೆಗೇ ನುಗ್ಗಿತು. ಸಿಗ್ನಲ್ ಉಪಕರಣಗಳ ಬುಡವೆಲ್ಲ ಹಸಿ ಕಾಂಕ್ರೀಟ್. ವಾರನ್ ಸ್ಟ್ರೀಟ್‌ನಿಂದ ಬ್ರಿಕ್ಸ್‌ಟನ್‌ವರೆಗೆ ರೈಲು ಬಂದ್. ಅದು ಗಟ್ಟಿಯಾಗಿಬಿಟ್ಟರೆ ಒಡೆದು ತೆಗೆಯಬೇಕು, ಒಡೆಯುವಾಗ ಉಪಕರಣವೂ ಹೋಗುತ್ತದೆ.

"ಎಂತ ಮಾಡಿದ್ರ್?" ಅಪ್ಪಯ್ಯ ಮುಂದೆ ಬಾಗಿ ಕೇಳಿದರು.

ಹತ್ತಿರದ ಅಂಗಡಿಗಳಿಂದ ಸಕ್ಕರೆ ತಂದರು. ಚಹಾಕ್ಕೆ ಹಾಕುವ ಸಕ್ಕರೆಯೇ. ಚೀಲ ಚೀಲ ತಂದು ಕಾಂಕ್ರೀಟ್ ಮೇಲೆ ಸುರಿದರು. ಸಿಮೆಂಟು ಗಟ್ಟಿಯಾಗುವುದು ನೀರಿನ ಜೊತೆ ಸೇರಿದಾಗ. ಸಕ್ಕರೆ ಸಿಮೆಂಟಿನ ಕಣಗಳಿಗೆ ಅಂಟಿಕೊಂಡು ಆ ಕೆಲಸವನ್ನು ತಡೆಯುತ್ತದೆ. ಸ್ವಲ್ಪವೇ ಸಕ್ಕರೆ ಸಾಕು, ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. ಆ ಸಮಯದಲ್ಲಿ ಕಾಂಕ್ರೀಟ್ ಬಾಚಿ ತೆಗೆದರು. ಮರುದಿನ ಬೆಳಿಗ್ಗೆ ರೈಲು ಓಡಿತು.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಊರಿನ ಹಳೆ ಮನೆಯ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದುದನ್ನು ಹೇಳಿದರು. ಅದು ಸುಣ್ಣದ ಗಾರೆ, ಅಲ್ಲಿ ಬೆಲ್ಲ ಹಾಕುವುದು ಗೋಡೆ ಚೆನ್ನಾಗಿ ನಿಲ್ಲಲಿ ಅಂತ. ಇಲ್ಲಿ ಸಕ್ಕರೆ ಹಾಕಿದ್ದು ಗಟ್ಟಿಯಾಗದಿರಲಿ ಅಂತ. ಆದರೂ ಸಿಹಿಗೂ ಗಾರೆಗೂ ನಂಟಿದೆ ಎಂಬುದು ನಮ್ಮ ಊರಿನ ಮೇಸ್ತ್ರಿಗಳಿಗೂ ಗೊತ್ತಿತ್ತು. ನನಗೆ ಈ ಬೆಲ್ಲದ ವಿಷಯ ಇವತ್ತೇ ತಿಳಿದದ್ದು.

ವರ್ಲಿ ದಾಟಿತು. ಮುಂದಿನದು ಆಚಾರ್ಯ ಅತ್ರೆ ಚೌಕ್. ಅಪ್ಪಯ್ಯ ಎದ್ದು ಬಾಗಿಲ ಹತ್ತಿರ ಬಂದು ನಿಂತರು.

2025ರ ಮೇ 26. ಸ್ಟೇಷನ್ ತೆರೆದು ಮೂರು ವಾರವೂ ಆಗಿರಲಿಲ್ಲ. ಆ ವರ್ಷ ಮುಂಗಾರು ಮುಂಬೈಗೆ ಅದೇ ದಿನ ಬಂತು. ಅದಕ್ಕೂ ಮೊದಲು ಮುಂಗಾರು ಅತಿ ಬೇಗ ಬಂದ ದಾಖಲೆ 1956ರ ಮೇ 29. ಇಲ್ಲಿ ಒಂದು ಪ್ರವೇಶದ್ವಾರದ ಕೆಲಸ ಇನ್ನೂ ನಡೆದಿತ್ತು. ನೀರು ತಡೆಯಲು ಕಟ್ಟಿದ್ದ ಗೋಡೆ ಕುಸಿದು ಕೆಸರು ನೀರು ಪ್ಲಾಟ್‌ಫಾರ್ಮ್‌ಗೆ ಇಳಿಯಿತು. ವರ್ಲಿಯಿಂದ ಈ ಕಡೆಗೆ ರೈಲು ನಿಲ್ಲಿಸಿದರು. ಅಪ್ಪಯ್ಯ ಫೋನಿನಲ್ಲಿ ಹತ್ತಾರು ಸಲ ನೋಡಿದ ವೀಡಿಯೊ ಅದೇ. ಮುಂಬೈಯಲ್ಲಿ ಜೂನ್ ಏಳು, ಹತ್ತು ಅಂತ ಲೆಕ್ಕ ಹಾಕಿ ಕೂತರೆ ಆಗುವುದಿಲ್ಲ. ಮಳೆ ಬೇಗ ಬಂದರೂ ಗೋಡೆ ಸಿದ್ಧ ಇರಬೇಕು. ಜನ ನಂಬಿ ಕೆಳಗೆ ಇಳಿಯುತ್ತಾರೆ.

ಬಾಗಿಲು ತೆರೆಯಿತು. ಹೊಳೆಯುವ ನೆಲ, ಜನ, ಬೆಳಕು. ಅಪ್ಪಯ್ಯ ಕತ್ತು ಚಾಚಿ ಎರಡೂ ಕಡೆ ನೋಡಿದರು. "ಒಣ ಇತ್ತಲ್ದಾ," ಅಂದರು. ಬಾಗಿಲು ಮುಚ್ಚಿತು.

ಗೋಡೆಯಷ್ಟೇ ಮುಖ್ಯ ಪಂಪು. ಸುರಂಗಕ್ಕೆ ಸ್ವಲ್ಪ ನೀರು ಬಂದೇ ಬರುತ್ತದೆ. ತಗ್ಗಿನಲ್ಲಿ ಗುಂಡಿ ಮಾಡಿ, ಪಂಪು ಇಟ್ಟು ಹೊರಗೆ ಹಾಕುತ್ತಾರೆ. 2017ರ ಅಕ್ಟೋಬರ್ 7ರಂದು ಸಿಂಗಪುರದಲ್ಲಿ ಬಿಷಾನ್ ಹತ್ತಿರ ಈ ಪಂಪುಗಳು ಕೆಲಸ ಮಾಡಲಿಲ್ಲ. ಮಳೆ ನೀರು ಸುರಂಗಕ್ಕೆ ನುಗ್ಗಿ ಸುಮಾರು 20 ಗಂಟೆ ಆ ಭಾಗ ಬಂದ್. ಆಮೇಲೆ ತಿಳಿದದ್ದು, ಪಂಪ್ ನೋಡಿಕೊಳ್ಳಬೇಕಾದವರು ಕೆಲಸ ಮಾಡದೆಯೇ ಮಾಡಿದ್ದೇವೆ ಅಂತ ಸಹಿ ಹಾಕಿದ್ದರು. ಮೇಲಿಂದ ಬರುವ ಬೈರಿಗೆಗಿಂತ ಈ ಸಹಿಯೇ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ.

ಆದರೆ ಅದೇ ಊರಿನ ಇನ್ನೊಂದು ಕಥೆ ಕೇಳಿದರೆ ಖುಷಿಯಾಗುತ್ತದೆ. 2016ರಲ್ಲಿ ಸಿಂಗಪುರದ ಸರ್ಕಲ್ ಲೈನಿನಲ್ಲಿ ರೈಲುಗಳು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿ ನಿಲ್ಲತೊಡಗಿದವು. ಡ್ರೈವರ್ ಇಲ್ಲದೆ ಓಡುವ ರೈಲುಗಳು. ಸಿಗ್ನಲ್ ತಪ್ಪಿದರೆ ತಾವಾಗಿಯೇ ನಿಲ್ಲುತ್ತವೆ. ಇವತ್ತು ಇಲ್ಲಿ, ನಾಳೆ ಅಲ್ಲಿ, ತಲೆಬುಡ ಇಲ್ಲ. ಕೊನೆಗೆ ಸರ್ಕಾರದ ಅಂಕಿಅಂಶ ತಜ್ಞರು ಎಲ್ಲ ಘಟನೆಗಳನ್ನು ಹಾಳೆ ಮೇಲೆ ಚುಕ್ಕಿ ಇಟ್ಟಂತೆ ಗುರುತಿಸಿದರು. ಒಂದು ಕಡೆ ಸಮಯ, ಇನ್ನೊಂದು ಕಡೆ ಜಾಗ. ಚುಕ್ಕಿಗಳು ಓರೆ ಸಾಲಾಗಿ ಬಿದ್ದಿದ್ದವು. ಅಂದರೆ ತೊಂದರೆ ಒಂದು ಜಾಗದಲ್ಲಿರಲಿಲ್ಲ, ಅದು ರೈಲಿನ ವೇಗದಲ್ಲಿ ಚಲಿಸುತ್ತಿತ್ತು. ಎದುರಿನ ಹಳಿಯಲ್ಲಿ ಒಂದು ರೈಲು ಹಾದುಹೋದಾಗೆಲ್ಲ ಇತ್ತ ಕಡೆಯ ರೈಲುಗಳಿಗೆ ಸಿಗ್ನಲ್ ತಪ್ಪುತ್ತಿತ್ತು.

ಆ ರೈಲಿನ ನಂಬರ್ ಪಿವಿ46. ಅದರೊಳಗಿನ ಸಿಗ್ನಲ್ ಉಪಕರಣ ಕೆಟ್ಟಿತ್ತು. ಅದು ಮಾತ್ರ ಆರಾಮಾಗಿ ಓಡುತ್ತಿತ್ತು, ತೊಂದರೆ ಪಕ್ಕದವರಿಗೆ. ನಿಂತ ರೈಲುಗಳನ್ನು ಎಷ್ಟು ಬಿಚ್ಚಿ ನೋಡಿದರೂ ಉತ್ತರ ಸಿಗುತ್ತಿರಲಿಲ್ಲ, ಯಾಕೆಂದರೆ ತಪ್ಪು ಅವುಗಳಲ್ಲಿ ಇರಲೇ ಇಲ್ಲ.

ಗಿರ್‌ಗಾಂವ್, ಕಾಲ್ಬಾದೇವಿ, ಸಿಎಸ್‌ಎಂಟಿ ಒಂದರ ಹಿಂದೆ ಒಂದು ಬಂದವು. ಹುತಾತ್ಮಾ ಚೌಕ್‌ನಲ್ಲಿ ಇಳಿದೆವು. ಮರೋಳ್‌ನಿಂದ ಮುಕ್ಕಾಲು ಗಂಟೆಯ ದಾರಿ. ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಎದುರಿಗೇ ಫ್ಲೋರಾ ಫೌಂಟನ್. ಮೂವತ್ತೆಂಟು ವರ್ಷ ದಿನಾ ನೋಡಿದ ಜಾಗವನ್ನು ಅಪ್ಪಯ್ಯ ಹೊಸದಾಗಿ ನೋಡುವವರ ಹಾಗೆ ನೋಡುತ್ತಾ ನಿಂತರು.

ಆಮೇಲೆ ಜೇಬಿನಿಂದ ಫೋನ್ ತೆಗೆದು, ಜೊತೆಗೆ ಕೆಲಸ ಮಾಡಿದ್ದ ಡೊಂಬಿವಲಿಯ ಹಳೆ ಗೆಳೆಯರಿಗೆ ಹಚ್ಚಿದರು. ಕ್ಷೇಮ ಕೇಳುವ ಮೊದಲೇ ಶುರು ಮಾಡಿದರು. "ಹ್ವಾಯ್, ಇಲ್ಕೇಣಿ. ಲಂಡನ್ನಂಗೆ ಒಂದ್ಸಲ ಸಕ್ರಿ ಹಾಕಿ ರೈಲ್ ಬಿಟ್ಟಿದ್ರಂಬ್ರು..."